ಒಂದೇ ಹಾಡು, ಹಲವು ಕಂಠ: ಕಂಟ್ರಿ ಸಂಗೀತದ ಶ್ರೇಷ್ಠ ಗಾಯಕರನ್ನು ಆರಿಸಿದ ಬಗೆ

ಟೆಕ್ಸಸ್‌ನ ಆಸ್ಟಿನ್ ನಗರದಲ್ಲಿ ನಾವು ಕೆಲವರು ತಿಂಗಳಿಗೊಮ್ಮೆ ಕಲೆತು, ಅಮೆರಿಕದ ದಕ್ಷಿಣದ ಹಳ್ಳಿಗಾಡಿನಲ್ಲಿ ಬೇರುಬಿಟ್ಟ ಕಂಟ್ರಿ ಸಂಗೀತದ ಹಳೆಯ ರೆಕಾರ್ಡುಗಳನ್ನು ಕೇಳುವ ರೂಢಿ ಇಟ್ಟುಕೊಂಡಿದ್ದೇವೆ. ಕೂಟದಲ್ಲಿ ಇಲ್ಲಿಯೇ ಹುಟ್ಟಿ ಬೆಳೆದವರು ಹೆಚ್ಚು, ಕನ್ನಡಿಗರು ಬೆರಳೆಣಿಕೆಯಷ್ಟು. ಈ ಸಂಗೀತದ ಪುರುಷ ಗಾಯಕರಲ್ಲಿ ಅತಿ ಶ್ರೇಷ್ಠರಾದ ಹತ್ತು ಮಂದಿ ಯಾರು ಎಂಬ ವಾದ ಅಲ್ಲಿ ಎಷ್ಟೋ ಸಲ ಎದ್ದು, ಯಾವ ತೀರ್ಮಾನಕ್ಕೂ ಬರದೆ ಅಡಗಿದ್ದಿತು. ಬಾಲ್ಯದಿಂದ ಯಾವ ಗಾಯಕನ ಪಕ್ಷವನ್ನೂ ಹಿಡಿದವನಲ್ಲ ಎಂಬ ಕಾರಣಕ್ಕೆ ಈ ಚರ್ಚೆಯನ್ನು ಕ್ರಮವಾಗಿ ನಡೆಸುವ ಹೊಣೆಯನ್ನು ಗೆಳೆಯರು ನನಗೆ ವಹಿಸಿದರು. ಲೊರೆಟ್ಟಾ ಲಿನ್, ಡಾಲಿ ಪಾರ್ಟನ್ ಮುಂತಾದವರನ್ನು ಬೇರೆಯಾಗಿಟ್ಟು ಗಂಡಸರ ಪಟ್ಟಿಯನ್ನಷ್ಟೇ ಮಾಡುವುದು ಎಷ್ಟು ಸರಿ ಎಂಬ ಪ್ರಶ್ನೆಯನ್ನು ನಾನು ಆಗಲೇ ಎತ್ತಿದ್ದೆ. ಗಾಯಕಿಯರ ಪಟ್ಟಿಗೆ ಇನ್ನೊಂದು ಸರಣಿ ಮೀಸಲಿಡುವುದೆಂದು ಒಪ್ಪಿದ ಮೇಲೆಯೇ ಕೆಲಸ ಆರಂಭವಾಯಿತು.

ಇಂಥ ವಾದಗಳಲ್ಲಿ ಮೊದಲು ಹೊರಬರುವುದು ಅಂಕಿಗಳು. ಬಿಲ್‌ಬೋರ್ಡ್ ಪತ್ರಿಕೆ ವಾರವಾರ ಪ್ರಕಟಿಸುವ ಜನಪ್ರಿಯ ಹಾಡುಗಳ ಪಟ್ಟಿಯಾದ ಕಂಟ್ರಿ ಚಾರ್ಟಿನಲ್ಲಿ ಜಾರ್ಜ್ ಸ್ಟ್ರೇಟ್ ಅವರ 44 ಹಾಡುಗಳು ಮೊದಲ ಸ್ಥಾನಕ್ಕೇರಿವೆ, ಕಾನ್ವೇ ಟ್ವಿಟ್ಟಿ ಅವರ 40 ಮತ್ತು ಮರ್ಲ್ ಹ್ಯಾಗರ್ಡ್ ಅವರ 38 ಹಾಡುಗಳು ಏರಿವೆ. ಆದರೆ ಬಹುಪಾಲು ಜಾಣ ಕೇಳುಗರು ಅತ್ಯುತ್ತಮ ಕಂಠವೆಂದು ಹೇಳುವ ಜಾರ್ಜ್ ಜೋನ್ಸ್ ಅವರ ಲೆಕ್ಕ ಇಪ್ಪತ್ತನ್ನೂ ಮುಟ್ಟುವುದಿಲ್ಲ. ಆ ಚಾರ್ಟ್ ಹುಟ್ಟಿದ್ದೇ 1944ರಲ್ಲಿ. ಈ ಸಂಗೀತದ ಪಿತಾಮಹರೆನಿಸಿದ, 1933ರಲ್ಲಿ ಕ್ಷಯರೋಗದಿಂದ ತೀರಿಕೊಂಡ ಜಿಮ್ಮಿ ರಾಜರ್ಸ್ ಅವರ ಲೆಕ್ಕ ಈ ತಕ್ಕಡಿಯಲ್ಲಿ ಸೊನ್ನೆಯಾಗುತ್ತದೆ. ಅಳತೆಗೋಲು ಕೂಡ ಎಲ್ಲ ಕಾಲದಲ್ಲಿ ಒಂದೇ ಆಗಿರಲಿಲ್ಲ: 1950ರಲ್ಲಿ ಹ್ಯಾಂಕ್ ಸ್ನೋ ಅವರ ಒಂದು ಹಾಡು 21 ವಾರ ಮೇಲೆಯೇ ಕುಳಿತಿದ್ದರೆ, 1980ರ ದಶಕದ ನಡುವಿನಲ್ಲಿ ಹೆಚ್ಚುಕಡಿಮೆ ವಾರಕ್ಕೊಂದು ಹೊಸ ಹಾಡು ಆ ಸ್ಥಾನವನ್ನು ಮುಟ್ಟಿ ಇಳಿಯುತ್ತಿತ್ತು, 2012ರಲ್ಲಿ ಡೌನ್‌ಲೋಡ್ ಮತ್ತು ಸ್ಟ್ರೀಮಿಂಗನ್ನೂ ಎಣಿಕೆಗೆ ಸೇರಿಸಿದ ಮೇಲೆ ಮತ್ತೆ ತಿಂಗಳುಗಟ್ಟಲೆ ಕದಲದ ಹಾಡುಗಳು ಬಂದವು. ವಾರಕ್ಕೊಬ್ಬರು ಗೆಲ್ಲುವ ಕಾಲದ ಎಣಿಕೆಯನ್ನೂ ವರ್ಷಕ್ಕೆ ಕೆಲವರಷ್ಟೇ ಗೆಲ್ಲುವ ಕಾಲದ ಎಣಿಕೆಯನ್ನೂ ಪಕ್ಕಪಕ್ಕ ಇಡುವುದು ನ್ಯಾಯವಲ್ಲವೆಂದು ತೋರಿಸಿಕೊಟ್ಟ ನಂತರ ಚಾರ್ಟುಗಳನ್ನು ಬದಿಗಿಡಲು ಎಲ್ಲರೂ ಒಪ್ಪಿದರು. ಮಾರಾಟದ ಲೆಕ್ಕವೂ ಅದರೊಂದಿಗೇ ಹೋಯಿತು. ಅದರಿಂದ ಹೆಚ್ಚು ನಷ್ಟವಾದದ್ದು ಮಾರಾಟದಲ್ಲಿ ಮುಂದಿರುವ ಗಾಯಕ ಗಾರ್ತ್ ಬ್ರೂಕ್ಸ್ ಅವರ ಅಭಿಮಾನಿಗಳಿಗೆ.

ಉಳಿದದ್ದು ಕಂಠ. ಎರಡು ಕಂಠಗಳನ್ನು ಹೋಲಿಸಬೇಕಾದರೆ ಹಾಡು ಒಂದೇ ಆಗಿರಬೇಕು, ಇಲ್ಲದಿದ್ದರೆ ನಾವು ಹಾಡು ಬರೆದವರ ಜಾಣ್ಮೆಯನ್ನು ಗಾಯಕನ ಖಾತೆಗೆ ಜಮಾ ಮಾಡಿಬಿಡುತ್ತೇವೆ. ಕೀರ್ತನೆಗಳನ್ನು ಕೇಳಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಂಟ್ರಿ ಸಂಗೀತದಲ್ಲಿಯೂ ಒಬ್ಬರ ಹಾಡನ್ನು ಇನ್ನೊಬ್ಬರು ಹಾಡುವ ಪದ್ಧತಿ ಬಲವಾಗಿರುವುದರಿಂದ ಸಾಮಗ್ರಿಗೆ ಕೊರತೆಯಿರಲಿಲ್ಲ. ಕೇಳುವ ಕ್ರಮವನ್ನು ಮಾತ್ರ ನಾನು ಕಟ್ಟುನಿಟ್ಟಾಗಿ ಇಟ್ಟೆ. ಎಲ್ಲ ರೆಕಾರ್ಡಿಂಗುಗಳ ಗಟ್ಟಿತನವನ್ನು ಮೊದಲೇ ಒಂದೇ ಮಟ್ಟಕ್ಕೆ ತಂದುಕೊಳ್ಳುತ್ತಿದ್ದೆ, ಏಕೆಂದರೆ ತುಸು ಜೋರಾಗಿ ಕೇಳಿಸುವುದೇ ಚೆನ್ನಾಗಿದೆ ಎಂದು ಕಿವಿಗೆ ಅನಿಸುತ್ತದೆ. ಪ್ರತಿಯೊಂದನ್ನೂ ಎರಡು ಸಲ ಕೇಳಿ, ಗಾಯಕ ಎಲ್ಲಿ ಉಸಿರೆಳೆಯುತ್ತಾನೆ, ಯಾವ ಪದದ ಮೇಲೆ ನಿಲ್ಲುತ್ತಾನೆ, ಸ್ವರವನ್ನು ನೇರವಾಗಿ ಹಿಡಿಯುತ್ತಾನೋ ಜಾರಿನಿಂದ ತಲುಪುತ್ತಾನೋ ಎಂಬುದನ್ನು ಸಾಹಿತ್ಯದ ಹಾಳೆಯಲ್ಲಿಯೇ ಗುರುತಿಸಿದ ಮೇಲಷ್ಟೇ ಬಾಯಿ ತೆರೆಯಬಹುದಾಗಿತ್ತು. ಮೂಲ ರೆಕಾರ್ಡಿಂಗನ್ನು ಹುಡುಕುವುದು ಎಲ್ಲಕ್ಕಿಂತ ಬೇಸರದ ಕೆಲಸ. ಅನೇಕ ಗಾಯಕರು ಕಂಪನಿ ಬದಲಿಸಿದಾಗ ತಮ್ಮ ಹಳೆಯ ಹಾಡುಗಳನ್ನು ಮತ್ತೆ ಹಾಡಿಕೊಟ್ಟಿದ್ದಾರೆ, ಹ್ಯಾಂಕ್ ವಿಲಿಯಮ್ಸ್ ಅವರ ಹಾಡುಗಳಿಗಂತೂ ಅವರು ಸತ್ತ ಎಷ್ಟೋ ವರ್ಷಗಳ ಮೇಲೆ ವಯಲಿನ್ ತಂಡವನ್ನು ಬೆರೆಸಿ ಮಾರಿದ ಆವೃತ್ತಿಗಳಿವೆ.

ಮೊದಲು ಆರಿಸಿಕೊಂಡದ್ದು 'ಲಾಂಗ್ ಬ್ಲ್ಯಾಕ್ ವೇಲ್'. ತಾನು ಮಾಡದ ಕೊಲೆಗಾಗಿ ಗಲ್ಲಿಗೇರಿದವನು ಸತ್ತ ಮೇಲೆ ಹೇಳುವ ಕಥೆ ಅದು; ಆ ರಾತ್ರಿ ಆಪ್ತಮಿತ್ರನ ಹೆಂಡತಿಯೊಡನೆ ಇದ್ದುದನ್ನು ಬಾಯಿಬಿಡಲಾರದೆ ಅವನು ಸಾಯುತ್ತಾನೆ. 1959ರಲ್ಲಿ ಲೆಫ್ಟಿ ಫ್ರಿಜೆಲ್ ಇದನ್ನು ಹಾಡಿದರು, 1968ರಲ್ಲಿ ಜಾನಿ ಕ್ಯಾಶ್ ಫಾಲ್ಸಮ್ ಸೆರೆಮನೆಯ ಕೈದಿಗಳ ಮುಂದೆ ಹಾಡಿದರು. ಕ್ಯಾಶ್ ಅವರ ಮಂದ್ರಸ್ಥಾಯಿಯ ದನಿ ಅಲುಗಾಟವಿಲ್ಲದೆ, ಸಾಕ್ಷಿ ನುಡಿಯುವವನ ಹಾಗೆ ಸಾಗುತ್ತದೆ, ನಂಬದಿರಲು ಸಾಧ್ಯವೇ ಇಲ್ಲ. ಫ್ರಿಜೆಲ್ ಮಾತ್ರ ಒಂದು ಸ್ವರಾಕ್ಷರವನ್ನು ಎಳೆದು, ಬಾಗಿಸಿ, ಎರಡು ಮೂರು ಸ್ವರಗಳ ಮೇಲೆ ಹರಿಯಗೊಟ್ಟು, ಹೇಳಬಾರದ್ದನ್ನು ಹೇಳುವ ಮುನ್ನ ನಾಲಿಗೆ ತಡೆಯುವುದನ್ನು ರಾಗದಲ್ಲಿಯೇ ಕೇಳಿಸುತ್ತಾರೆ. ಕ್ಯಾಶ್ ದೊಡ್ಡ ಕಲಾವಿದರು, ಫ್ರಿಜೆಲ್ ದೊಡ್ಡ ಗಾಯಕರು ಎಂಬ ಭೇದ ಅಂದು ನಮ್ಮಲ್ಲಿ ಮೂಡಿತು. 1951ರಲ್ಲಿ ಒಂದೇ ವೇಳೆಗೆ ಫ್ರಿಜೆಲ್ ಅವರ ನಾಲ್ಕು ಹಾಡುಗಳು ಚಾರ್ಟಿನ ಮೊದಲ ಹತ್ತರಲ್ಲಿದ್ದವು. ಇಂದು ಟೆಕ್ಸಸ್‌ನಲ್ಲಿಯೇ ಕಿರಿಯರಿಗೆ ಇವರ ಹೆಸರು ಗೊತ್ತಿಲ್ಲ. ಹ್ಯಾಗರ್ಡ್, ಜೋನ್ಸ್, ವಿಲ್ಲಿ ನೆಲ್ಸನ್, ರ‍್ಯಾಂಡಿ ಟ್ರ್ಯಾವಿಸ್ ಎಲ್ಲರೂ ಇವರಿಂದ ಪಡೆದವರೇ ಆದ್ದರಿಂದ ನನ್ನ ಪಟ್ಟಿಯಲ್ಲಿ ಫ್ರಿಜೆಲ್ ಅವರಿಗೆ ನಾಲ್ಕನೆಯ ಸ್ಥಾನ, ಕ್ಯಾಶ್ ಅವರಿಗೆ ಎಂಟನೆಯದು. ಇದನ್ನು ಕೇಳಿ ಒಬ್ಬ ಹಿರಿಯರು ನನ್ನೊಡನೆ ಒಂದಷ್ಟು ಕಾಲ ಮಾತು ಬಿಟ್ಟಿದ್ದರು.

ಹೆಚ್ಚು ಹೊತ್ತು ಹಿಡಿದದ್ದು 'ಟೆನೆಸ್ಸಿ ವಿಸ್ಕಿ'. ಡೇವಿಡ್ ಆಲನ್ ಕೋ 1981ರಲ್ಲಿ ಹಾಡಿದ ಇದನ್ನು ಜಾರ್ಜ್ ಜೋನ್ಸ್ 1983ರಲ್ಲಿ ಎರಡನೆಯ ಸ್ಥಾನಕ್ಕೇರಿಸಿದರು. ಕ್ರಿಸ್ ಸ್ಟೇಪಲ್ಟನ್ 2015ರಲ್ಲಿ ಲಯವನ್ನೇ ಬದಲಿಸಿ, ಕಪ್ಪು ಅಮೆರಿಕನ್ನರ ಹಳೆಯ ಸೋಲ್ ಸಂಗೀತದ ನಿಧಾನ ನಡೆಯಲ್ಲಿ ಹಾಡಿ ಹೊಸ ತಲೆಮಾರಿಗೆ ತಮ್ಮದೇ ಹಾಡನ್ನಾಗಿ ಮಾಡಿಕೊಂಡರು. ಸ್ಟೇಪಲ್ಟನ್ ಅವರ ಕಂಠಶಕ್ತಿಯನ್ನು ಯಾರೂ ಅಲ್ಲಗಳೆಯಲಿಲ್ಲ. ಒಂದು ಪದದೊಳಗೆ ಅವರು ಹೆಣೆಯುವ ಸ್ವರಗುಚ್ಛಗಳು ಒಮ್ಮೆಲೇ ಬೆರಗು ಹುಟ್ಟಿಸುತ್ತವೆ. ಜೋನ್ಸ್ ಅವರ ಕೆಲಸ ಕಣ್ಣಿಗೆ ಬೀಳುವಂಥದಲ್ಲ. ಹಲ್ಲು ಬಿಗಿಹಿಡಿದಂತೆ ಆರಂಭಿಸಿದ ಪದವನ್ನು ನಡುವೆ ಸಡಿಲಿಸುತ್ತಾರೆ, ಕೆಳಗಿನಿಂದ ಜಾರಿ ಸ್ವರವನ್ನು ತಲುಪುವಷ್ಟರಲ್ಲಿ ದನಿಯ ಗಾತ್ರವನ್ನು ಹಿಗ್ಗಿಸಿ ಕುಗ್ಗಿಸಿರುತ್ತಾರೆ, ಆದರೂ ಪದದ ಅರ್ಥ ಎಲ್ಲಿಯೂ ಮಸುಕಾಗುವುದಿಲ್ಲ. ಹಾಳೆಯಲ್ಲಿ ಗುರುತು ಹಾಕಲು ಕುಳಿತಾಗಲೇ ಇದೆಲ್ಲ ನಡೆಯುತ್ತಿದೆಯೆಂದು ನನಗೆ ತಿಳಿದದ್ದು. ಸ್ಟೇಪಲ್ಟನ್ ಅವರ ಹಾಳೆ ಬೇಗ ತುಂಬಿತು, ಜೋನ್ಸ್ ಅವರದು ಎರಡನೆಯ ಸಲ ಕೇಳಿದ ಮೇಲೂ ತುಂಬುತ್ತಲೇ ಇತ್ತು.

ಜೋನ್ಸ್ ಅವರ 1980ರ 'ಹಿ ಸ್ಟಾಪ್ಡ್ ಲವಿಂಗ್ ಹರ್ ಟುಡೇ' ಹಾಡನ್ನು ಹೋಲಿಕೆಯಿಲ್ಲದೆ ಒಂದನ್ನೇ ಕೇಳಿದೆವು, ಏಕೆಂದರೆ ಅದರ ಮುಂದೆ ಇಡುವಂಥದ್ದು ಯಾರಿಗೂ ಹೊಳೆಯಲಿಲ್ಲ. ಪ್ರೀತಿಸಿದವಳನ್ನು ಮರೆಯಲಾರದವನು ಸತ್ತ ದಿನವಷ್ಟೇ ಆ ಪ್ರೀತಿಯನ್ನು ನಿಲ್ಲಿಸಿದನೆಂಬ ಈ ಹಾಡು ವಿಪರೀತ ದುಃಖದ್ದು, ಯಾರೂ ಕೊಳ್ಳಲಾರರು ಎಂದು ಜೋನ್ಸ್ ಅವರೇ ತಿಳಿದಿದ್ದರಂತೆ. ಕುಡಿತದಿಂದ ಕಾರ್ಯಕ್ರಮಗಳನ್ನು ತಪ್ಪಿಸಿ 'ನೋ ಶೋ ಜೋನ್ಸ್' ಎಂಬ ಅಡ್ಡಹೆಸರು ಪಡೆದಿದ್ದ ಮನುಷ್ಯ, ಬದುಕಿನ ಅತಿ ಕೆಟ್ಟ ಕಾಲದಲ್ಲಿ, ಅಳುವ ಅವಕಾಶವಿರುವ ಕಡೆಯೆಲ್ಲ ಅಳದೆ ಹಾಡಿದ್ದಾರೆ. ನಿರ್ಮಾಪಕ ಬಿಲ್ಲಿ ಶೆರಿಲ್ ಅವರು ಅಳುವ ಕೆಲಸವನ್ನು ವಯಲಿನ್ ತಂಡಕ್ಕೆ ಒಪ್ಪಿಸಿದ್ದಾರೆ. ವೇಲನ್ ಜೆನಿಂಗ್ಸ್ ಅಂಥವರೇ ಜೋನ್ಸ್ ಅವರಂತೆ ಹಾಡುವ ಆಸೆಯನ್ನು ತಮ್ಮ ಹಾಡಿನಲ್ಲಿ ಹೇಳಿಕೊಂಡಿದ್ದಾರೆ. ಮೊದಲ ಸ್ಥಾನದ ಬಗ್ಗೆ ಅಂದಿನಿಂದ ವಾದ ನಡೆದಿಲ್ಲ.

ಎರಡನೆಯ ಸ್ಥಾನಕ್ಕಾಗಿ ಹ್ಯಾಗರ್ಡ್ ಮತ್ತು ಹ್ಯಾಂಕ್ ವಿಲಿಯಮ್ಸ್ ಅವರ ನಡುವೆ ನಡೆದ ಹೋರಾಟದಲ್ಲಿ ನಮ್ಮ ನಿಯಮಕ್ಕೇ ಪರೀಕ್ಷೆ ಎದುರಾಯಿತು. ಇಬ್ಬರೂ ತಮ್ಮ ಹಾಡುಗಳನ್ನು ತಾವೇ ಬರೆದವರು. 1953ರ ಹೊಸವರ್ಷದ ದಿನ, 29ನೆಯ ವಯಸ್ಸಿನಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ ಸತ್ತ ವಿಲಿಯಮ್ಸ್ ಅವರ ಹಾಡುಗಳು ಎಷ್ಟು ಗಟ್ಟಿಯಾಗಿವೆಯೆಂದರೆ ಯಾರು ಹಾಡಿದರೂ ನಿಲ್ಲುತ್ತವೆ. ಹಾಗಾದರೆ ಕಂಠಕ್ಕೆ ಎಷ್ಟು ಅಂಕ ಕೊಡಬೇಕು? ಹ್ಯಾಗರ್ಡ್ ಅವರದು ಬೇರೆ ಬಗೆ. ಯೌವನದಲ್ಲಿ ಸ್ಯಾನ್ ಕ್ವೆಂಟಿನ್ ಸೆರೆಮನೆಯಲ್ಲಿದ್ದು, ಅಲ್ಲಿಗೆ ಬಂದ ಕ್ಯಾಶ್ ಅವರ ಹಾಡು ಕೇಳಿ, 1972ರಲ್ಲಿ ಗವರ್ನರ್ ರೊನಾಲ್ಡ್ ರೀಗನ್ ಅವರಿಂದ ಕ್ಷಮಾದಾನ ಪಡೆದ ಇವರು, 1969ರಲ್ಲಿ ಜಿಮ್ಮಿ ರಾಜರ್ಸ್ ಅವರ ಹಾಡುಗಳ ಒಂದು ಆಲ್ಬಮ್ ಅನ್ನೂ ಮರುವರ್ಷ ವಯಲಿನ್ ವಾದಕ ಬಾಬ್ ವಿಲ್ಸ್ ಅವರ ಗೌರವಾರ್ಥ ಇನ್ನೊಂದನ್ನೂ ಮಾಡಿದರು. ಅಂದರೆ ಪರರ ಹಾಡುಗಳಲ್ಲಿ ಇವರ ಕಂಠವನ್ನು ತೂಗಿ ನೋಡಲು ಸಾಧ್ಯವಿತ್ತು. ದನಿಯನ್ನು ಕೆಳಗಿನಿಂದ ಮೇಲಕ್ಕೆ ಥಟ್ಟನೆ ಹಾರಿಸುವ ರಾಜರ್ಸ್ ಅವರ ಯೋಡೆಲ್ ಅನ್ನು ಅನುಕರಿಸಲು ಹೊರಟ ನೂರಾರು ಜನ ಮೂಲದ ನೆರಳಾಗಿಯೇ ಉಳಿದರೆ, ಹ್ಯಾಗರ್ಡ್ ಮೂಲವನ್ನು ಬಿಡದೆ ತಮ್ಮ ದನಿಯನ್ನೂ ಕಳೆದುಕೊಳ್ಳದೆ ಹಾಡುತ್ತಾರೆ. ಎರಡನೆಯ ಸ್ಥಾನವನ್ನು ನಾನು ಅವರಿಗೇ ಕೊಟ್ಟೆ, ಮೂರನೆಯದು ವಿಲಿಯಮ್ಸ್ ಅವರಿಗೆ. ರಾಜರ್ಸ್ ಅವರನ್ನು ಪಟ್ಟಿಯಿಂದ ಮೇಲೆತ್ತಿ ಬೇರೆಯಾಗಿಟ್ಟೆವು. ಬೇರನ್ನು ಕೊಂಬೆಗಳ ಸಾಲಿನಲ್ಲಿ ನಿಲ್ಲಿಸುವುದು ಸರಿಯೆನಿಸಲಿಲ್ಲ.

ಐದನೆಯವರಾದ ವಿಲ್ಲಿ ನೆಲ್ಸನ್ ಅವರಿಗೆ ಮಧುರ ಕಂಠವಿಲ್ಲವೆಂಬುದು ನಿಜ. ರಾಯ್ ಎಕಫ್ 1940ರ ದಶಕದಲ್ಲಿ ಎದೆತುಂಬಿ ಹಾಡಿದ 'ಬ್ಲೂ ಐಸ್ ಕ್ರೈಯಿಂಗ್ ಇನ್ ದ ರೇನ್' ಹಾಡನ್ನು ನೆಲ್ಸನ್ 1975ರಲ್ಲಿ, ಟೆಕ್ಸಸ್‌ನ ಗಾರ್ಲೆಂಡ್‌ನಲ್ಲಿ, ಒಂದೆರಡು ವಾದ್ಯಗಳೊಂದಿಗೆ, ತಾಳಕ್ಕಿಂತ ಹಿಂದುಳಿದು ಮತ್ತೆ ಅದನ್ನು ಕೂಡಿಕೊಳ್ಳುತ್ತ ಹಾಡಿದ್ದನ್ನು ಕೇಳಿದರೆ ಲಯದ ಮೇಲಿನ ಹಿಡಿತವೂ ಗಾಯನವೇ ಎಂಬುದು ಮನದಟ್ಟಾಗುತ್ತದೆ. ಆರನೆಯವರು ರೇ ಪ್ರೈಸ್.

ಏಳನೆಯ ಚಾರ್ಲಿ ಪ್ರೈಡ್ ಅವರ ವಿಷಯದಲ್ಲಿ, ಯಾರ ದನಿಯೆಂದು ತಿಳಿಸದೆ ಕೇಳಿಸುವ ಕುರುಡು ಕೇಳ್ಮೆ ಇತಿಹಾಸವನ್ನೇ ಮತ್ತೆ ಆಡಿಸಿದಂತಿತ್ತು. ಮಿಸಿಸಿಪ್ಪಿಯ ಕಪ್ಪು ರೈತ ಕುಟುಂಬದಲ್ಲಿ ಹುಟ್ಟಿ ಬೇಸ್‌ಬಾಲ್ ಆಡಿಕೊಂಡಿದ್ದ ಇವರ ಮೊದಲ ರೆಕಾರ್ಡುಗಳನ್ನು ಕಂಪನಿ ಫೋಟೋ ಇಲ್ಲದೆಯೇ ರೇಡಿಯೋ ಕೇಂದ್ರಗಳಿಗೆ ಕಳಿಸಿತ್ತು. 1971ರಲ್ಲಿ ಅದೇ ಉದ್ಯಮ ಅವರನ್ನು ವರ್ಷದ ಮನರಂಜಕನೆಂದು ಗೌರವಿಸಿತು. ಹೆಸರು ಹೇಳದೆ ನಾನು ಕೇಳಿಸಿದಾಗ ಎಲ್ಲರೂ ಉತ್ತಮ ಅಂಕ ಕೊಟ್ಟ ಬ್ಯಾರಿಟೋನ್, ಅಂದರೆ ಗಂಡು ದನಿಯ ನಡುವಿನ ಶ್ರೇಣಿಯ ಕಂಠ, ಇವರದೇ. ಸಾಮಾನ್ಯ ಪಟ್ಟಿಗಳಲ್ಲಿ ಇವರನ್ನು ಸಾಧನೆಯ ಕಥೆಗಾಗಿ ಸೇರಿಸಿ ಕಂಠದ ಮಾತೆತ್ತದೆ ಮುಂದೆ ಹೋಗುವುದು ನನಗೆ ಸರಿಕಾಣುವುದಿಲ್ಲ.

ಜಾರ್ಜ್ ಸ್ಟ್ರೇಟ್ ಅವರಿಗೆ ಒಂಬತ್ತನೆಯ ಸ್ಥಾನ ಸಿಕ್ಕಿದ್ದಕ್ಕೆ ಸ್ಥಳೀಯರ ಪ್ರತಿಭಟನೆ ನಿರೀಕ್ಷಿತವೇ ಆಗಿತ್ತು. 2024ರ ಜೂನ್‌ನಲ್ಲಿ ಟೆಕ್ಸಸ್‌ನ ಕೈಲ್ ಫೀಲ್ಡ್ ಕ್ರೀಡಾಂಗಣದಲ್ಲಿ 1,10,905 ಜನರನ್ನು ಸೇರಿಸಿ, ಟಿಕೆಟ್ ಇರುವ ಸಂಗೀತ ಕಾರ್ಯಕ್ರಮಗಳಲ್ಲಿ ಅಮೆರಿಕದ ಅಂದಿನ ದಾಖಲೆ ಮುರಿದವರು ಅವರು. ಜಿಮ್ ರೀವ್ಸ್ ಅವರ ಪರವಾಗಿ ವಾದಿಸಿದವರು ಕನ್ನಡಿಗರಷ್ಟೇ. ಮೈಕಿನ ತೀರ ಹತ್ತಿರ ನಿಂತು ಮೆಲ್ಲನೆ ಹಾಡುತ್ತಿದ್ದ, 1964ರ ವಿಮಾನ ಅಪಘಾತದಲ್ಲಿ ತೀರಿಕೊಂಡ ಈ ಗಾಯಕರನ್ನು ಬೆಂಗಳೂರಿನ ದಂಡು ಪ್ರದೇಶದ, ಕೋಲಾರ ಚಿನ್ನದ ಗಣಿಯ ಆಂಗ್ಲೋ-ಇಂಡಿಯನ್ ಮನೆಗಳು ಇಂದಿಗೂ ಬಿಟ್ಟುಕೊಟ್ಟಿಲ್ಲ. ಅಮೆರಿಕನ್ನರಿಗೆ ಅವರು ಅತಿ ನಯವೆನಿಸಿದರು, ಸೋತೆವು.

ಹತ್ತನೆಯ ಸ್ಥಾನ ಇನ್ನೂ ಖಾಲಿಯಿದೆ. ಒಂದು ಕಡೆ 1986ರಲ್ಲಿ ಮೊದಲ ಆಲ್ಬಮ್‌ನಿಂದಲೇ ಹಳೆಯ ಶೈಲಿಯನ್ನು ಮರಳಿ ತಂದ ರ‍್ಯಾಂಡಿ ಟ್ರ್ಯಾವಿಸ್, ಇನ್ನೊಂದು ಕಡೆ 1989ರಲ್ಲಿ ಮೂವತ್ತರ ಹರೆಯದಲ್ಲಿಯೇ ತೀರಿಹೋದ ಕೀತ್ ವಿಟ್ಲಿ. ಫ್ರಿಜೆಲ್ ಅವರು ಜೊತೆಗೂಡಿ ಬರೆದು ಹಾಡಿದ 'ಐ ನೆವರ್ ಗೋ ಅರೌಂಡ್ ಮಿರರ್ಸ್' ಹಾಡನ್ನು ವಿಟ್ಲಿ ಕೂಡ ಹಾಡಿರುವುದರಿಂದ ಮುಂದಿನ ಕೂಟಕ್ಕೆ ಆ ಎರಡೂ ರೆಕಾರ್ಡಿಂಗುಗಳನ್ನು ಸಿದ್ಧಮಾಡಿಕೊಂಡಿದ್ದೇನೆ; ಟ್ರ್ಯಾವಿಸ್ ಪಕ್ಷದವರು ತಮ್ಮ ಹಾಡನ್ನು ಇನ್ನೂ ಆರಿಸಿ ತಿಳಿಸಬೇಕಾಗಿದೆ.