ನೆತ್ತಿ ಖಾಲಿಯಾದ ಮೇಲೆ: ಹಣಕ್ಕಿಂತ ಮೊದಲು ಹಿಂದಲೆ ಲೆಕ್ಕ ಹಾಕಿ

ನೆತ್ತಿ ಪೂರ್ತಿ ಬೋಳಾಗಿ, ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಲಾಳದ ಆಕಾರದ ಕೂದಲ ಪಟ್ಟಿ ಮಾತ್ರ ಉಳಿದಿದ್ದರೆ ಅದು, ಗಂಡಸರ ಬೋಳನ್ನು ಹಂತಗಳಾಗಿ ವಿಂಗಡಿಸುವ ನಾರ್ವುಡ್ ಅಳತೆಯ 6 ಅಥವಾ 7ನೇ ಹಂತ. ಇಲ್ಲಿಗೆ ಬಂದವರಿಗೆ ಎಣ್ಣೆ, ಈರುಳ್ಳಿ ರಸಗಳಿಂದ ಉಪಯೋಗವಿಲ್ಲ. ಅರಸೀಕೆರೆಯ ಕೊಬ್ಬರಿಯಿಂದ ಗಾಣದಲ್ಲಿ ತೆಗೆಸಿದ ಎಣ್ಣೆಯೂ ಇರುವ ಕೂದಲನ್ನು ನುಣುಪಾಗಿಸೀತೇ ಹೊರತು ಹೋದದ್ದನ್ನು ತರದು. ಬೋರ್‌ವೆಲ್ ನೀರನ್ನು ಬೈಯುವವರು ಒಂದು ಯೋಚಿಸಬೇಕು: ಅದೇ ನೀರು ಬೀಳುವ ಹಿಂದಲೆಯಲ್ಲಿ ಕೂದಲು ಗಟ್ಟಿಯಾಗಿಯೇ ಇದೆಯಲ್ಲ? ಗಡಸು ನೀರು ಕೂದಲನ್ನು ಒರಟು ಮಾಡುತ್ತದೆ, ಅಷ್ಟೆ. ಬೋಳಿಗೆ ಕಾರಣ ಡಿಎಚ್‌ಟಿ ಹಾರ್ಮೋನು. ನೆತ್ತಿಯ ಬುಡಗಳು ಅದಕ್ಕೆ ಬಗ್ಗುತ್ತವೆ, ಹಿಂದಲೆಯವು ಸಾಮಾನ್ಯವಾಗಿ ಬಗ್ಗುವುದಿಲ್ಲ. ಹಿಂದಲೆಯ ಕೂದಲನ್ನು ಬುಡಸಮೇತ ತೆಗೆದು ಬೋಳು ಭಾಗಕ್ಕೆ ನೆಡುವ ಕಸಿ ಎಂಬ ಚಿಕಿತ್ಸೆ ನಿಂತಿರುವುದೇ ಈ ವ್ಯತ್ಯಾಸದ ಮೇಲೆ.

ಮೊದಲು ಇದು ವಂಶದ ಬೋಳೇ ಎಂದು ಖಚಿತವಾಗಲಿ. ನಾಣ್ಯದಂತೆ ದುಂಡಗೆ ಉದುರಿದ್ದರೆ, ಹೊಟ್ಟು, ಕೀವು, ಉರಿ ಇದ್ದರೆ ಅಥವಾ ಚರ್ಮ ಗಾಯದ ಕಲೆಯಂತೆ ಹೊಳೆಯುತ್ತಿದ್ದರೆ ಅದು ಬೇರೆ ಕಾಯಿಲೆ ಇರಬಹುದು. ಹಾಸನದ ಹಿಮ್ಸ್‌ನಂಥ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ತೋರಿಸಿ. ಕಸಿ ಮಾರುವವರ ಬಳಿ ಹೋಗುವ ಮುನ್ನ, ಮಾರಲು ಏನೂ ಇಲ್ಲದ ವೈದ್ಯರ ಮಾತು ಕೇಳಿರುವುದು ಒಳ್ಳೆಯದು.

ಅಳತೆ

ತೆಳು ಪ್ಲಾಸ್ಟಿಕ್ ಹಾಳೆಯನ್ನು ತಲೆಗೆ ಬಿಗಿಯಾಗಿ ಹೊದಿಸಿ, ಬೋಳು ಭಾಗದ ಅಂಚನ್ನು ಮಾರ್ಕರ್ ಪೆನ್ನಿನಲ್ಲಿ ಮನೆಯವರಿಂದ ಬರೆಸಿ. ಹಾಳೆಯನ್ನು ಗ್ರಾಫ್ ಪೇಪರಿನ ಮೇಲೆ ಹರಡಿ ಒಂದು ಸೆಂಟಿಮೀಟರಿನ ಚೌಕಗಳನ್ನು ಎಣಿಸಿ. ತಲೆ ಗುಂಡಗಿರುವುದರಿಂದ ಹಾಳೆ ಮಡಿಕೆಯಾಗುತ್ತದೆ. ಮಡಿಕೆ ಬಂದಲ್ಲಿ ಕತ್ತರಿಸಿ ಹರಡಿದರೆ ಸಾಕು.

ಈಗ ಲೆಕ್ಕ. ಬೋಳು 200 ಚದರ ಸೆಂಟಿಮೀಟರ್ ಬಂತೆನ್ನಿ. ನೋಡಲು ತುಂಬಿದಂತೆ ಕಾಣಬೇಕಾದರೆ ಚದರ ಸೆಂಟಿಮೀಟರಿಗೆ ಸುಮಾರು 35 ಗ್ರಾಫ್ಟ್ (ಬುಡಸಮೇತ ತೆಗೆದು ನೆಡುವ ಕೂದಲ ಪುಟ್ಟ ಗೊಂಚಲು) ಬೇಕು, ಅಂದರೆ ಒಟ್ಟು 7,000. ಹಿಂದಲೆಯಿಂದ ಜೀವಮಾನದಲ್ಲಿ ತೆಗೆಯಬಹುದಾದದ್ದು ಸಾಮಾನ್ಯವಾಗಿ 4,000ದಿಂದ 6,000. ಹಿಂದಲೆಯ ಕೂದಲೂ ತೆಳುವಾಗಿದ್ದರೆ ಇನ್ನೂ ಕಡಿಮೆ. ಹೊಲ ಮಾರಿ ಹಣ ತಂದರೂ ಈ ಕೊರತೆ ತುಂಬದು. ಗಡ್ಡದಿಂದ ಒಂದಷ್ಟು ಸೇರಿಸಬಹುದು, ಆದರೆ ಆ ಕೂದಲು ದಪ್ಪ, ಒರಟು. ಮುಂದಿನ ಸಾಲಿಗೆ ಒಗ್ಗುವುದಿಲ್ಲ. ಆದ್ದರಿಂದ 7ನೇ ಹಂತದಲ್ಲಿ ಪ್ರಾಮಾಣಿಕ ವೈದ್ಯರು ಹೇಳುವುದು ಒಂದೇ: ಹಣೆಯ ಸಾಲನ್ನು ಎತ್ತರದಲ್ಲೇ ಬಿಟ್ಟು ಮುಂಭಾಗವನ್ನು ತುಂಬಿಸೋಣ, ಸುಳಿಯ ಭಾಗ ತೆಳುವಾಗಿಯೇ ಇರಲಿ. ‘ಎಷ್ಟು ಬೇಕಾದರೂ ಗ್ರಾಫ್ಟ್, ಒಂದೇ ಪ್ಯಾಕೇಜ್’ ಎನ್ನುವ ಕಡೆಯಿಂದ ಎದ್ದು ಬನ್ನಿ. ಮಿತಿಮೀರಿ ತೆಗೆದರೆ ಹಿಂದಲೆ ಹುಳ ತಿಂದ ಕಂಬಳಿಯಂತಾಗುತ್ತದೆ, ಮತ್ತೆ ಸರಿಯಾಗದು.

ಔಷಧಿ ಎಲ್ಲಿವರೆಗೆ?

5 ಶೇಕಡಾ ಮಿನಾಕ್ಸಿಡಿಲ್ ದಿನಕ್ಕೆರಡು ಬಾರಿ 1 ಮಿಲಿ ಹಚ್ಚುವುದು, 1 ಮಿಲಿಗ್ರಾಂ ಫಿನಾಸ್ಟರೈಡ್ ಮಾತ್ರೆ: ಇವು ಉಳಿದಿರುವುದನ್ನು ಕಾಯುತ್ತವೆ, ನುಣ್ಣಗಾದ ನೆತ್ತಿಯನ್ನು ತುಂಬುವುದಿಲ್ಲ. ಬಿಟ್ಟರೆ ಕೆಲವೇ ತಿಂಗಳಲ್ಲಿ ಗಳಿಸಿದ್ದು ಹೋಗುತ್ತದೆ. ಫಿನಾಸ್ಟರೈಡ್ ಕೆಲವರಲ್ಲಿ ಲೈಂಗಿಕ ಆಸಕ್ತಿ ಕುಗ್ಗಿಸುತ್ತದೆ, ಮನಸ್ಸೂ ಕುಗ್ಗಬಹುದು. ವೈದ್ಯರ ಚೀಟಿಯಿಲ್ಲದೆ ನುಂಗಬೇಡಿ. ಪ್ರಾಸ್ಟೇಟ್ ಗ್ರಂಥಿಯ ತಪಾಸಣೆಗೆ ಮಾಡುವ ಪಿಎಸ್‌ಎ ರಕ್ತಪರೀಕ್ಷೆಯ ಅಂಕಿಯನ್ನು ಅದು ಸುಮಾರು ಅರ್ಧಕ್ಕೆ ಇಳಿಸುವುದರಿಂದ ಐವತ್ತು ದಾಟಿದವರು ಪರೀಕ್ಷೆಗೆ ಹೋದಾಗ ಮಾತ್ರೆಯ ವಿಷಯ ಹೇಳಲೇಬೇಕು.

ಕಸಿಗೇ ಹೋಗುವುದಾದರೆ

ಕೂದಲು ಕಸಿ ಯಾರು ಮಾಡಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಮಾರ್ಗಸೂಚಿ ಕೊಟ್ಟಿದೆ. ತರಬೇತಿ ಪಡೆದ ಚರ್ಮರೋಗ ಅಥವಾ ಪ್ಲಾಸ್ಟಿಕ್ ಸರ್ಜರಿ ತಜ್ಞರ ಕೆಲಸ ಅದು, ಸಲೂನಿನದಲ್ಲ. ಕೇಳಬೇಕಾದದ್ದು: ರಂಧ್ರ ಮಾಡುವವರು ವೈದ್ಯರೇ, ಸಹಾಯಕರೇ? ಅರಿವಳಿಕೆಗೆ ಅಲರ್ಜಿಯಾದರೆ ನಿಭಾಯಿಸುವ ವ್ಯವಸ್ಥೆ ಇದೆಯೇ? ಗ್ರಾಫ್ಟಿನ ಸಂಖ್ಯೆ, ದರ ಬರಹದಲ್ಲಿ ಕೊಡುತ್ತೀರಾ? ಬೆಂಗಳೂರಿನಲ್ಲಿ ಮಾಡಿಸಿಕೊಂಡರೆ ಮರುದಿನದ ತೊಳೆತಕ್ಕೆ ಅಲ್ಲೇ ಉಳಿಯುವುದು ಲೇಸು. ಸುಮಾರು ಹತ್ತು ದಿನ ಹೆಲ್ಮೆಟ್ ಹಾಕುವಂತಿಲ್ಲ, ಅಂದರೆ ಬೈಕೂ ಇಲ್ಲ. ಎರಡರಿಂದ ಆರು ವಾರದಲ್ಲಿ ನೆಟ್ಟ ಕೂದಲು ಉದುರುತ್ತದೆ. ಕೆಟ್ಟಿತೆಂದು ಗಾಬರಿಯಾಗಬೇಡಿ, ಬುಡ ಒಳಗಿದೆ. ಮೂರು ನಾಲ್ಕು ತಿಂಗಳಿಗೆ ಚಿಗುರು, ಪೂರ್ತಿ ರೂಪಕ್ಕೆ ಒಂದು ವರ್ಷ. ಮುಂದಿನ ತಿಂಗಳು ಹೆಣ್ಣು ನೋಡಲು ಹೋಗುವವರಿಗೆ ಇದು ದಾರಿಯಲ್ಲ.

ಪ್ಯಾಚ್

ಹೆಣ್ಣು ನೋಡಲು ಹೊರಟವರು ಹೆಚ್ಚಾಗಿ ಕೇಳುವುದು ಪ್ಯಾಚ್ ವಿಗ್, ಅಂದರೆ ಬೋಳು ಭಾಗಕ್ಕಷ್ಟೇ ಅಂಟಿಸುವ ಅಥವಾ ಕ್ಲಿಪ್ಪಿನಲ್ಲಿ ಸಿಕ್ಕಿಸುವ ಕೂದಲ ತುಂಡು. ಒಂದೇ ಗಂಟೆಯಲ್ಲಿ ತಲೆ ತುಂಬುತ್ತದೆ, ನಿಜ. ಆದರೆ ಸಕಲೇಶಪುರ, ಮೂಡಿಗೆರೆಯ ಮಳೆಗಾಲದಲ್ಲಿ ತೇವಕ್ಕೆ ಅಂಟು ಬೇಗ ಸಡಿಲುತ್ತದೆ, ಒದ್ದೆ ಪ್ಯಾಚಿನಡಿ ಚರ್ಮ ಕೆರೆಯುತ್ತದೆ. ಜಾಲರಿ ತಳದ ಪ್ಯಾಚಿಗೆ ಗಾಳಿಯಾಡುತ್ತದೆ, ಪ್ಲಾಸ್ಟಿಕ್ ಪೊರೆಯದಕ್ಕೆ ಇಲ್ಲ. ಅಂಟನ್ನು ಮೊದಲು ಮೊಣಕೈ ಒಳಭಾಗಕ್ಕೆ ಸವರಿ 48 ಗಂಟೆ ಕಾದು ನೋಡಿ. ಕ್ಲಿಪ್ಪಿನ ಪ್ಯಾಚ್ ಅಕ್ಕಪಕ್ಕದ ಕೂದಲನ್ನು ಎಳೆದೆಳೆದು ಅದನ್ನೂ ಉದುರಿಸುತ್ತದೆ. ಮದುವೆ ಮಾತು ಮುಗಿಯುವ ಮುನ್ನವೇ ಹೆಣ್ಣಿನ ಕಡೆಯವರಿಗೆ ತಿಳಿಸಿಬಿಡಿ.

ಬೋಳಿಸುವುದು

ನಮ್ಮ ಅಭಿಪ್ರಾಯದಲ್ಲಿ, ಏನೇ ಮಾಡುವ ಮುನ್ನ ಇದನ್ನು ಒಂದು ತಿಂಗಳು ಪ್ರಯತ್ನಿಸಬೇಕು. ಒಂದು ಬದಿಯ ಕೂದಲನ್ನು ಉದ್ದ ಬಿಟ್ಟು ನೆತ್ತಿಗೆ ಎಳೆದು ಹೊದಿಸುವುದಕ್ಕಿಂತ ಎಷ್ಟೋ ವಾಸಿ. ನೇರ ಬ್ಲೇಡಿಗೆ ಹೋಗದೆ, ಎರಡು ವಾರ ಟ್ರಿಮ್ಮರಿನಲ್ಲಿ 1 ಮಿಮೀ ಇಡಿ. ಬಿಸಿಲು ಕಂಡ ನೆತ್ತಿ ಕಪ್ಪು, ಕೂದಲಡಿ ಇದ್ದ ಪಕ್ಕದ ಚರ್ಮ ಬಿಳಿ ಎಂಬ ಎರಡು ಬಣ್ಣ ಅಷ್ಟರಲ್ಲಿ ಹೊಂದಿಕೊಳ್ಳುತ್ತದೆ. ‘ತಿರುಪತಿಗೆ ಹೋಗಿದ್ರಾ?’, ಅದಕ್ಕಿಂತ ಮುಜುಗರದ ‘ಮನೇಲಿ ಯಾರಿಗೇನಾಯ್ತು?’ ಎಂಬ ಪ್ರಶ್ನೆಗಳು ಬಂದೇ ಬರುತ್ತವೆ. ಮೀಸೆ ಅಥವಾ ಕತ್ತರಿಸಿದ ಗಡ್ಡ ಉಳಿಸಿಕೊಂಡರೆ ಎರಡನೆಯದನ್ನು ಯಾರೂ ಕೇಳರು.

ಬ್ಲೇಡ್ ಹಿಡಿದರೆ ಬಿಸಿನೀರು ಸ್ನಾನದ ನಂತರ, ಕೂದಲು ಮಲಗಿದ ದಿಕ್ಕಿನಲ್ಲೇ ಎಳೆಯಿರಿ. ಎದುರು ಎಳೆದರೆ ಕೂದಲು ಚರ್ಮದೊಳಗೇ ತಿರುಗಿ ಹಿಂದಲೆಯಲ್ಲಿ ಕೀವುಗುಳ್ಳೆ ಏಳುತ್ತದೆ. ಗಡಸು ನೀರಿನಲ್ಲಿ ಸೋಪು ನೊರೆ ಕೊಡದು. ಶೇವಿಂಗ್ ಜೆಲ್ ಬಳಸಿ. ಸಲೂನಿನಲ್ಲಾದರೆ ಹೊಸ ಬ್ಲೇಡನ್ನು ನಿಮ್ಮೆದುರೇ ಬಿಚ್ಚಲಿ, ಹೆಪಟೈಟಿಸ್ ಬಿ, ಸಿ ಹರಡುವ ದಾರಿಗಳಲ್ಲಿ ಹಳೇ ಬ್ಲೇಡೂ ಒಂದು.

ಬಿಸಿಲಿಗೆ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಹಚ್ಚಿ, ಹೊರಗೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ತೋಟ, ಗದ್ದೆಯಲ್ಲಿ ದುಡಿಯುವವರಿಗೆ ಅಗಲ ಅಂಚಿನ ಟೋಪಿಯೇ ಮೇಲು. ನೆತ್ತಿಯಲ್ಲಿ ಒರಟಾದ ಹಕ್ಕಳೆ ಕಟ್ಟಿ ಒಂದು ತಿಂಗಳಾದರೂ ಮಾಯದಿದ್ದರೆ ಮುಲಾಮು ಬದಲಿಸುತ್ತ ಕೂರದೆ ಚರ್ಮರೋಗ ತಜ್ಞರಿಗೆ ತೋರಿಸಿ.