ರಿಬ್ಸ್ ಬೇಯುವುದು ಬೇರೆ, ಹಣ್ಣಾಗುವುದು ಬೇರೆ

ಓವನ್‌ನಲ್ಲಿ ರಿಬ್ಸ್, ಅಂದರೆ ಹಂದಿಯ ಪಕ್ಕೆಲುಬಿನ ಮಾಂಸ, ಮಾಡಿದೆ, ರಬ್ಬರಿನ ಹಾಗಾಯಿತು ಎಂದು ಯಾರಾದರೂ ಬೇಸರ ಮಾಡಿಕೊಂಡರೆ, ಯಾವ ಮಸಾಲೆ ಹಾಕಿದಿರಿ ಎಂದು ನಾನು ಕೇಳುವುದಿಲ್ಲ. ಎಷ್ಟು ಕಾವಿನಲ್ಲಿ, ಎಷ್ಟು ಹೊತ್ತು ಇಟ್ಟಿರಿ ಎಂದಷ್ಟೇ ಕೇಳುತ್ತೇನೆ. ಒಂದು ಗಂಟೆ, ಹೆಚ್ಚೆಂದರೆ ಒಂದೂಕಾಲು ಗಂಟೆ ಎಂಬ ಉತ್ತರ ಬರುತ್ತದೆ. ಆ ಹೊತ್ತಿಗೆ ಮಾಂಸ ಬೆಂದಿರುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಹಣ್ಣಾಗಿರುವುದಿಲ್ಲ. ಈ ಎರಡಕ್ಕೂ ಇರುವ ವ್ಯತ್ಯಾಸ ತಿಳಿದರೆ ಮುಂದಿನದೆಲ್ಲ ಸುಲಭ.

ಪಕ್ಕೆಲುಬಿನ ನಡುವಿನ ಸ್ನಾಯು ಪ್ರಾಣಿ ಉಸಿರಾಡಿದಷ್ಟು ಕಾಲವೂ ದುಡಿದದ್ದು. ಅದರೊಳಗೆ ಕೊಲ್ಯಾಜೆನ್ ಎಂಬ ಬಿಗಿಯಾದ ನಾರು ತುಂಬಿರುತ್ತದೆ. ಹಂದಿ ಮಾಂಸದ ತುಂಡು ಒಳಗೆ 63 ಡಿಗ್ರಿ ಸೆಲ್ಸಿಯಸ್ ತಲುಪಿ, 3 ನಿಮಿಷ ಹಾಗೇ ಇದ್ದರೆ ತಿನ್ನುವುದಕ್ಕೆ ಸುರಕ್ಷಿತ. ಆದರೆ ಆ ಹಂತದಲ್ಲಿ ರಿಬ್ಸ್ ಕಚ್ಚಿದರೆ ಹಲ್ಲಿಗೆ ಸಿಕ್ಕಿ ಎಳೆಯುತ್ತದೆ. ಕೊಲ್ಯಾಜೆನ್ ಕರಗಿ ಜೆಲಟಿನ್ ಎಂಬ ಮೆತ್ತನೆಯ ಅಂಟಾಗಲು ಶುರುವಾಗುವುದೇ ಸುಮಾರು 70 ಡಿಗ್ರಿ ದಾಟಿದ ಮೇಲೆ, ಅದೂ ಬಹಳ ನಿಧಾನವಾಗಿ. ಒಳಗಿನ ಬಿಸಿ 90ರಿಂದ 95 ಡಿಗ್ರಿಗೆ ಬಂದು ಒಂದಷ್ಟು ಹೊತ್ತು ನಿಂತರೆ ಮಾತ್ರ ಮಾಂಸ ಬಾಯಲ್ಲಿ ಬೆಣ್ಣೆಯ ಹಾಗೆ ಬಿಡುತ್ತದೆ. ಉರಿ ಜೋರು ಮಾಡಿ ಈ ಕೆಲಸ ಬೇಗ ಮುಗಿಸಲು ಹೋದರೆ ನಾರು ಕರಗುವ ಮೊದಲೇ ನೀರೆಲ್ಲ ಆರಿಹೋಗುತ್ತದೆ.

ನನಗೆ ಇದು ಗೊತ್ತಾದದ್ದು ಕಷ್ಟಪಟ್ಟ ಮೇಲೆ. ಮೊದಲ ಸಲ ನೆಂಟರನ್ನು ಊಟಕ್ಕೆ ಕರೆದು, ಓವನ್ 220 ಡಿಗ್ರಿಗೆ ಇಟ್ಟು, ಶುರುವಿನಲ್ಲೇ ಬಾರ್ಬೆಕ್ಯೂ ಸಾಸ್ ಧಾರಾಳವಾಗಿ ಬಳಿದಿದ್ದೆ. ಅರ್ಧ ಗಂಟೆಯಲ್ಲಿ ಸಾಸಿನ ಸಕ್ಕರೆ ಸೀದು ಕಹಿಯಾಯಿತು. ಮೇಲೆ ಕರಿ, ಒಳಗೆ ಗಟ್ಟಿ. ಮನೆಯ ಹಿರಿಯರೊಬ್ಬರು ಒಂದು ತುಂಡನ್ನು ತುಂಬ ಹೊತ್ತು ಅಗಿದು, ಏನೂ ಹೇಳದೆ ಮೆಲ್ಲಗೆ ತಟ್ಟೆಯ ಅಂಚಿಗಿಟ್ಟರು. ಆ ತುಂಡು ಇನ್ನೂ ಕಣ್ಣ ಮುಂದಿದೆ. ಅಂದಿನಿಂದ ಸಾಸನ್ನು ಕೊನೆಯ ಅರ್ಧ ಗಂಟೆಗಿಂತ ಮೊದಲು ಮುಟ್ಟಿಲ್ಲ.

ಕೊಳ್ಳುವಾಗ ಎರಡು ಬಗೆ ಕಣ್ಣಿಗೆ ಬೀಳುತ್ತವೆ. ಬೆನ್ನಿನ ಹತ್ತಿರದ, ಚಿಕ್ಕದಾಗಿ ಬಾಗಿದ ಎಲುಬುಗಳದು ಬೇಬಿ ಬ್ಯಾಕ್. ಹೆಸರು ಕೇಳಿ ಮರಿ ಹಂದಿಯದು ಅಂದುಕೊಳ್ಳಬೇಡಿ, ಎಲುಬು ಗಿಡ್ಡವಿರುವುದರಿಂದ ಆ ಹೆಸರು. ಹೊಟ್ಟೆಯ ಕಡೆಯ, ಉದ್ದವಾಗಿ ಚಪ್ಪಟೆಯಾಗಿರುವುದು ಸ್ಪೇರ್ ರಿಬ್ಸ್. ಅದರ ತುದಿಯ ಮೃದು ಎಲುಬಿನ ಭಾಗವನ್ನು ಕತ್ತರಿಸಿ ಆಯತಾಕಾರಕ್ಕೆ ತಂದರೆ ಅದೇ ಸೇಂಟ್ ಲೂಯಿಸ್ ಕಟ್. ಬೇಬಿ ಬ್ಯಾಕ್ ಬೇಗ ಆಗುತ್ತದೆ, ಆದರೆ ಕೊಬ್ಬು ಕಡಿಮೆ, ಸ್ವಲ್ಪ ಮೈಮರೆತರೂ ಒಣಗುತ್ತದೆ. ಹೊಸದಾಗಿ ಕಲಿಯುವವರಿಗೆ ನಾನು ಸ್ಪೇರ್ ರಿಬ್ಸನ್ನೇ ಹೇಳುವುದು. ಅದರ ಕೊಬ್ಬು ನಮ್ಮ ಸಣ್ಣಪುಟ್ಟ ತಪ್ಪುಗಳನ್ನು ತಡೆದುಕೊಳ್ಳುತ್ತದೆ. ಯಾವುದೇ ಆಗಲಿ, ಎಲುಬು ಮೇಲೆ ಎದ್ದು ಕಾಣುವಷ್ಟು ಮಾಂಸ ಸವರಿದ್ದನ್ನು ತರಬೇಡಿ.

ಮನೆಗೆ ತಂದ ಮೇಲೆ ಮೊದಲ ಕೆಲಸ ಪೊರೆ ತೆಗೆಯುವುದು. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ತುಂಡನ್ನು ಮಗುಚಿ ಎಲುಬಿನ ಕಡೆ ಮೇಲಾಗಿಸಿ ನೋಡಿ, ಬೆಳ್ಳಗೆ ಹೊಳೆಯುವ ಕಾಗದದಂಥ ಪದರ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಅಂಟಿಕೊಂಡಿರುತ್ತದೆ. ಅದು ಎಷ್ಟು ಗಂಟೆ ಬೇಯಿಸಿದರೂ ಮೆತ್ತಗಾಗುವುದಿಲ್ಲ, ಉಪ್ಪು ಮಸಾಲೆಯನ್ನೂ ಆ ಕಡೆಯಿಂದ ಒಳಗೆ ಬಿಡುವುದಿಲ್ಲ. ಚೂಪಾದ ಚಾಕು ಬೇಡ, ಪೊರೆ ಹರಿಯುತ್ತದೆ. ಚಮಚದ ಹಿಡಿಯನ್ನು ತುದಿಯಿಂದ ಎರಡನೆಯ ಎಲುಬಿನ ಮೇಲೆ ಪೊರೆಯ ಕೆಳಗೆ ತೂರಿಸಿ, ಬೆರಳು ಹೋಗುವಷ್ಟು ಮೇಲೆತ್ತಿ. ಬರಿಗೈಯಲ್ಲಿ ಹಿಡಿದರೆ ಜಾರುತ್ತದೆ, ಪೇಪರ್ ಟವೆಲ್ ಸುತ್ತಿ ಹಿಡಿದು ಒಂದೇ ಸಮನೆ ಎಳೆಯಿರಿ. ಅದೃಷ್ಟವಿದ್ದ ದಿನ ಚರ್ ಎಂದು ಇಡೀ ಹಾಳೆ ಒಟ್ಟಿಗೆ ಬರುತ್ತದೆ. ಮೂರು ತುಂಡಾಗಿ ಬಂದರೂ ಚಿಂತೆಯಿಲ್ಲ, ಬಂದರಾಯಿತು.

ಆಮೇಲೆ ಉಪ್ಪು. ಒಂದು ಕಿಲೋ ರಿಬ್ಸಿಗೆ ಒಂದೂವರೆ ಟೀ ಚಮಚ ಪುಡಿ ಉಪ್ಪು ಸಾಕು. ಹಿಂದಿನ ರಾತ್ರಿಯೇ ಸವರಿ ಫ್ರಿಜ್ಜಿನಲ್ಲಿಟ್ಟರೆ ಉತ್ತಮ, ಆಗದಿದ್ದರೆ ಒಂದು ಗಂಟೆಯಾದರೂ ಕೊಡಿ. ಮಸಾಲೆಯ ಕಣಗಳು ಮೇಲೆಯೇ ನಿಲ್ಲುತ್ತವೆ, ಉಪ್ಪು ಮಾತ್ರ ಮಾಂಸದೊಳಗೆ ಇಳಿಯುತ್ತದೆ. ಅದಕ್ಕೇ ಅದಕ್ಕೆ ಸಮಯ ಬೇಕು. ಮಸಾಲೆಗೆ ನಾನು ಎರಡು ದೊಡ್ಡ ಚಮಚ ಬ್ರೌನ್ ಶುಗರ್, ಒಂದು ದೊಡ್ಡ ಚಮಚ ಪ್ಯಾಪ್ರಿಕಾ (ಖಾರ ಕಡಿಮೆಯಿರುವ ಕೆಂಪು ಮೆಣಸಿನ ಪುಡಿ), ಒಂದೊಂದು ಟೀ ಚಮಚ ಕಾಳುಮೆಣಸಿನ ಪುಡಿ ಮತ್ತು ಬೆಳ್ಳುಳ್ಳಿ ಪುಡಿ, ಅರ್ಧ ಚಮಚ ಸಾಸಿವೆ ಪುಡಿ ಸೇರಿಸಿ ರಿಬ್ಸಿನ ಮೇಲೆ ಸವರುತ್ತೇನೆ. ಖಾರ ನಿಮ್ಮಿಷ್ಟ. ಓವನ್‌ನಲ್ಲಿ ಸೌದೆಯ ಹೊಗೆ ಸಿಗುವುದಿಲ್ಲವಲ್ಲ, ಆದ್ದರಿಂದ ಹೊಗೆಯಲ್ಲಿ ಒಣಗಿಸಿದ ಮೆಣಸಿನ ಸ್ಮೋಕ್ಡ್ ಪ್ಯಾಪ್ರಿಕಾ ಸಿಕ್ಕರೆ ಅದನ್ನೇ ಹಾಕಿ. ಹೊಗೆಯ ವಾಸನೆ ಕೊಡುವ ದ್ರವ, ಲಿಕ್ವಿಡ್ ಸ್ಮೋಕ್, ಬಳಸುವವರು ಕೆಲವೇ ಹನಿಗೆ ನಿಲ್ಲಿಸಬೇಕು, ಹೆಚ್ಚಾದರೆ ಔಷಧಿಯ ವಾಸನೆ ಹೊಡೆಯುತ್ತದೆ.

ಇನ್ನು ಪೊಟ್ಟಣ. ನನ್ನ ಮಟ್ಟಿಗೆ ಇಡೀ ಅಡುಗೆ ನಿಂತಿರುವುದೇ ಇದರ ಮೇಲೆ. ಬಿಚ್ಚಿಟ್ಟ ಮಾಂಸದ ಮೈಯಿಂದ ನೀರು ಆವಿಯಾಗುತ್ತಾ ಹೋದಂತೆ ಅದು ತನ್ನನ್ನು ತಾನೇ ತಣ್ಣಗಾಗಿಸಿಕೊಳ್ಳುತ್ತದೆ. ನಮ್ಮ ಮೈ ಬೆವರಿದ ಹಾಗೇ. ಒಳಗಿನ ಬಿಸಿ 70ರ ಆಸುಪಾಸಿನಲ್ಲಿ ಗಂಟೆಗಟ್ಟಲೆ ಅಲ್ಲೇ ನಿಂತುಬಿಡಬಹುದು. ಬಿಗಿಯಾಗಿ ಸುತ್ತಿದರೆ ಆವಿ ಹೊರಗೆ ಹೋಗದು, ಬಿಸಿ ಮೇಲೇರುತ್ತದೆ, ಮಾಂಸ ತನ್ನ ರಸದಲ್ಲೇ ಬೇಯುತ್ತದೆ. ಅಲ್ಯೂಮಿನಿಯಂ ಫಾಯಿಲ್ ಎರಡು ಪದರ ಹಾಸಿ, ಅದರ ಮೇಲೆ ಬೇಕಿಂಗ್ ಕಾಗದ ಇಟ್ಟು, ಎಲುಬಿನ ಕಡೆ ಕೆಳಗಾಗಿ ರಿಬ್ಸ್ ಮಲಗಿಸಿ. ಎಲುಬಿನ ಮೊನೆಗಳು ಫಾಯಿಲನ್ನು ಚುಚ್ಚಿ ತೂತು ಮಾಡುತ್ತವೆ, ಕಾಗದ ಅದನ್ನು ತಡೆಯುತ್ತದೆ. ಹುಳಿ ಏನಾದರೂ ಸೇರಿಸಿದ್ದರೆ ಲೋಹಕ್ಕೆ ತಾಗದಂತೆಯೂ ನೋಡಿಕೊಳ್ಳುತ್ತದೆ. ಎರಡು ಚಮಚ ನೀರು ಅಥವಾ ಸೇಬಿನ ರಸ ಚಿಮುಕಿಸಬಹುದು, ಅದಕ್ಕಿಂತ ಹೆಚ್ಚು ಬೇಡ. ಅಂಚುಗಳನ್ನು ಎರಡೆರಡು ಸಲ ಮಡಿಚಿ ಒತ್ತಿ.

ಓವನ್ 135 ಡಿಗ್ರಿ. ಬೇಬಿ ಬ್ಯಾಕ್‌ಗೆ ಎರಡೂವರೆಯಿಂದ 3 ಗಂಟೆ, ಸ್ಪೇರ್ ರಿಬ್ಸಿಗೆ 3ರಿಂದ ಮೂರೂವರೆ, ದಪ್ಪವಿದ್ದರೆ 4. ಫ್ಯಾನ್ ಇರುವ ಓವನ್ ಆದರೆ 15 ಡಿಗ್ರಿ ಇಳಿಸಿ. ಮನೆಯ ಓವನ್‌ಗಳ ಗುಂಡಿ ತೋರಿಸುವ ಅಂಕಿಯೇ ಒಳಗಿನ ಕಾವು ಎಂದು ನಂಬಬೇಡಿ. ಜಾಲರಿಗೆ ತೂಗುಹಾಕುವ ಚಿಕ್ಕ ಥರ್ಮಾಮೀಟರ್ ಒಂದನ್ನು ತಂದಿಟ್ಟುಕೊಳ್ಳಿ. ನಾನು ತಂದಿಟ್ಟ ದಿನವೇ ನನ್ನ ಓವನ್ 15 ಡಿಗ್ರಿ ಹೆಚ್ಚು ಕಾಯುತ್ತದೆ ಎಂದು ತಿಳಿಯಿತು. ಮತ್ತೆ, ಹೇಗಾಗಿದೆ ನೋಡೋಣ ಎಂದು ಅರ್ಧ ಗಂಟೆಗೊಮ್ಮೆ ಬಾಗಿಲು ತೆರೆಯುವ ಚಪಲ ಬೇಡ.

ಹೊತ್ತಾದ ಮೇಲೆ ಪೊಟ್ಟಣವನ್ನು ನಿಮ್ಮಿಂದ ದೂರದ ತುದಿಯಲ್ಲಿ ಮೊದಲು ಬಿಚ್ಚಿ. ಆವಿ ಮುಖಕ್ಕೆ ಹೊಡೆದರೆ ಸುಟ್ಟೇ ಬಿಡುತ್ತದೆ. ಎಲುಬಿನ ತುದಿಯಿಂದ ಮಾಂಸ ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ಹಿಂದೆ ಸರಿದಿರಬೇಕು. ಎರಡು ಎಲುಬಿನ ನಡುವೆ ಟೂತ್‌ಪಿಕ್ ಚುಚ್ಚಿದರೆ ತಡೆಯಿಲ್ಲದೆ ಇಳಿಯಬೇಕು. ಇಕ್ಕಳದಲ್ಲಿ ಒಂದು ತುದಿ ಹಿಡಿದು ಎತ್ತಿದರೆ ನಡುವೆ ಚೆನ್ನಾಗಿ ಬಾಗಿ ಮೇಲೆ ಸಣ್ಣಗೆ ಬಿರಿಯಬೇಕು. ಬಾಗದೆ ಹಲಗೆಯಂತೆ ನಿಂತರೆ ಮತ್ತೆ ಸುತ್ತಿ 20 ನಿಮಿಷ ಒಳಗಿಡಿ. ಬಾರ್ಬೆಕ್ಯೂ ಸ್ಪರ್ಧೆಗಳಲ್ಲಿ, ಕಚ್ಚಿದ ಕಡೆಯಷ್ಟೇ ಮಾಂಸ ಬಿಟ್ಟು ಉಳಿದದ್ದು ಎಲುಬಿಗೆ ನಿಂತಿದ್ದರೆ ಅದನ್ನೇ ಸರಿಯಾದ ಹದ ಎನ್ನುತ್ತಾರೆ. ನನಗೂ ಅದೇ ಇಷ್ಟ. ಆದರೆ ಮನೆಯಲ್ಲಿ ಹಲ್ಲು ಗಟ್ಟಿಯಿಲ್ಲದವರು, ಚಿಕ್ಕ ಮಕ್ಕಳು ಇದ್ದರೆ ಎಲುಬಿನಿಂದ ತಾನೇ ಜಾರುವಷ್ಟು ಹಣ್ಣು ಮಾಡುತ್ತೇನೆ. ಉಣ್ಣುವವರಿಗಿಂತ ಸ್ಪರ್ಧೆಯ ಲೆಕ್ಕ ದೊಡ್ಡದಲ್ಲ.

ಸಾಸಿನ ಸರದಿ ಈಗ. ಪೊಟ್ಟಣದಲ್ಲಿ ಉಳಿದ ರಸವನ್ನು ಚೆಲ್ಲಬೇಡಿ. ಲೋಟಕ್ಕೆ ಬಗ್ಗಿಸಿ ಐದು ನಿಮಿಷ ಬಿಟ್ಟರೆ ಕೊಬ್ಬು ಮೇಲೆ ತೇಲುತ್ತದೆ. ಅದನ್ನು ತೆಗೆದು, ಕೆಳಗಿನ ಕಂದು ರಸ ನಾಲ್ಕೈದು ಚಮಚವನ್ನು ಸಾಸಿಗೆ ಸೇರಿಸಿ ಒಲೆಯ ಮೇಲೆ ಮಂದವಾಗುವ ತನಕ ಕುದಿಸಿ. ಬಾಟಲಿಯ ಸಾಸ್ ಆದರೂ ಮನೆಯದರಂತೆ ಆಗುತ್ತದೆ. ಓವನ್ 220ಕ್ಕೆ ಏರಿಸಿ. ಟ್ರೇಯಲ್ಲಿ ಬಿಚ್ಚಿಟ್ಟ ರಿಬ್ಸಿಗೆ ತೆಳ್ಳಗೆ ಒಂದು ಕೈ ಬಳಿದು ಒಳಗಿಡಿ. ಇಲ್ಲಿ ಮಾತ್ರ ಓವನ್ ಮುಂದಿನಿಂದ ಕದಲಬೇಡಿ. ಮೊದಲು ಸಾಸಿನ ಮೇಲೆ ಸಣ್ಣ ನೊರೆಗುಳ್ಳೆ ಏಳುತ್ತವೆ. ಐದಾರು ನಿಮಿಷದಲ್ಲಿ ಗುಳ್ಳೆಗಳು ದೊಡ್ಡದಾಗಿ, ನಿಧಾನವಾಗಿ ಒಡೆಯತೊಡಗಿ, ಮೈ ಹೊಳೆಯುತ್ತದೆ. ಆಗ ಹೊರತೆಗೆದು ಎರಡನೆಯ ಕೈ, ಮತ್ತೆ ಮೂರನೆಯದು. ತೆಳುವಾದ ಮೂರು ಪದರ ಕೊಡುವ ಹೊಳಪು ದಪ್ಪನೆಯ ಒಂದು ಪದರದಿಂದ ಬರುವುದಿಲ್ಲ.

ನೀರಿನಲ್ಲಿ ಕುದಿಸಿ ಆಮೇಲೆ ಓವನ್‌ಗೆ ಹಾಕಿದರೆ ಬೇಗ ಆಗುತ್ತದೆ ಎನ್ನುವವರಿದ್ದಾರೆ. ಮೆತ್ತಗಾಗುವುದು ಹೌದು, ಆದರೆ ಮಾಂಸದ ರುಚಿಯೆಲ್ಲ ಆ ನೀರಿಗೆ ಇಳಿದಿರುತ್ತದೆ. ನಾನು ಒಪ್ಪುವುದಿಲ್ಲ.

ಹೊರತೆಗೆದ ಮೇಲೆ 10 ನಿಮಿಷ ಸುಮ್ಮನೆ ಬಿಡಿ. ಕತ್ತರಿಸುವಾಗ ಎಲುಬಿನ ಕಡೆ ಮೇಲಾಗಿ ಮಗುಚಿ, ಎಲುಬು ಎಲ್ಲಿದೆ ಎಂದು ಕಾಣುತ್ತದೆ, ಚಾಕು ನೇರ ನಡುವೆ ಇಳಿಯುತ್ತದೆ. ಕುರಿಯ ಪಕ್ಕೆಲುಬಿಗೂ ಇದೇ ದಾರಿ. ಆದರೆ ಕೊಬ್ಬು ಹೆಚ್ಚಿರುವುದರಿಂದ ಮೊದಲೇ ಸ್ವಲ್ಪ ಸವರಿ ತೆಗೆಯಿರಿ.

ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿದರೆ 3 ದಿನ ಚೆನ್ನಾಗಿರುತ್ತದೆ. ಮರುದಿನ ಬಿಸಿ ಮಾಡಲು ಮೈಕ್ರೋವೇವ್ ಬೇಡ, ಅಂಚು ಗಟ್ಟಿಯಾಗುತ್ತದೆ. ಒಂದು ಚಮಚ ನೀರು ಚಿಮುಕಿಸಿ ಮತ್ತೆ ಫಾಯಿಲಿನಲ್ಲಿ ಸುತ್ತಿ, 135 ಡಿಗ್ರಿಯಲ್ಲಿ ಒಳಗಿನವರೆಗೂ ಚೆನ್ನಾಗಿ ಬಿಸಿಯಾಗುವ ತನಕ, ಸುಮಾರು ಅರ್ಧ ಗಂಟೆ ಇಡಿ. ಸಾಸ್ ಇನ್ನೊಂದು ಕೈ ಬೇಕೆನಿಸಿದರೆ ಫಾಯಿಲ್ ಬಿಚ್ಚಿದ ಮೇಲೆ ಬಳಿಯಿರಿ.