ಕೊಡಗಿನ ಮಳೆಯಲ್ಲಿ ಅಪರೂಪದ ಹಳೆಯ ಕಿಟ್ ಕಟ್ಟುವ ಬಗೆ

ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಕಪಾಟಿನೊಳಗಿನ ಬೆಲ್ಟಿಗೂ ಚಪ್ಪಲಿಗೂ ಬೂಷ್ಟು ಹಿಡಿಯುವ ಊರು ನಮ್ಮದು. ಬಿಡಿಭಾಗ ಜೋಡಿಸಿ ಪುಟ್ಟ ವಿಮಾನ, ಜೀಪು ಕಟ್ಟುವ ಮಾಡೆಲ್ ಕಿಟ್‌ನೊಳಗಿನ ಪ್ಲಾಸ್ಟಿಕ್‌ಗೆ ಇದರಿಂದ ಏನೂ ಆಗುವುದಿಲ್ಲ. ಕೆಡುವುದು ಬಣ್ಣ, ಡೆಕಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಗುರುತುಗಳ ಹಾಳೆ), ದಾರ ಮತ್ತು ಸೂಚನೆಯ ಹಾಳೆ. ಅದಕ್ಕೇ ಕೆಲಸವನ್ನು ಋತುವಿಗೆ ತಕ್ಕಂತೆ ಹಂಚಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕತ್ತರಿಸಿ, ಅಂಟಿಸಿ, ಉಜ್ಜಿ. ಅಕ್ಟೋಬರಿನ ತುಲಾ ಸಂಕ್ರಮಣ ಕಳೆದ ಮೇಲೆ ಬಣ್ಣಕ್ಕೆ ಇಳಿಯಿರಿ. ಪುತ್ತರಿ ಹಬ್ಬದಿಂದ (ನವೆಂಬರ್-ಡಿಸೆಂಬರ್) ಮಾರ್ಚಿನ ಕಾಫಿಯ ಹೂಮಳೆಯವರೆಗಿನ ದಿನಗಳು ಲ್ಯಾಕರ್ ಎಂಬ ಬೇಗ ಆರುವ ಬಣ್ಣ ಹೊಡೆಯಲು ಸಿಗುವ ಚಿನ್ನದಂಥ ಕಾಲ.

ಕೊಡಗಿನವರಿಗೆ ಮೊದಲು ಕಟ್ಟಬೇಕೆನಿಸುವ ವಿಮಾನ ಮಿಸ್ಟೇರ್ 4ಎ ಎಂಬ ಫ್ರೆಂಚ್ ಜೆಟ್ ಯುದ್ಧವಿಮಾನ. 1965ರ ಸೆಪ್ಟೆಂಬರ್ 7ರಂದು ಕೊಡಗಿನವರೇ ಆದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಹೋದದ್ದು ಇದರಲ್ಲೇ. ಮರಣೋತ್ತರ ಮಹಾವೀರ ಚಕ್ರ ಬಂದದ್ದು 1988ರಲ್ಲಿ. 1/72 ಅಳತೆಯಲ್ಲಿ, ಎಂದರೆ ನಿಜ ವಿಮಾನದ 72ರಲ್ಲೊಂದು ಪಾಲಿನಲ್ಲಿ, ರೆಕ್ಕೆಯ ಹರವು ಸುಮಾರು 15.4 ಸೆಂ.ಮೀ., ಅಂಗೈ ಮೇಲೆ ಕೂರುವಷ್ಟು. 1942ರಲ್ಲಿ ನಮ್ಮ ವಾಯುಪಡೆಯ 1ನೇ ಸ್ಕ್ವಾಡ್ರನ್ ಬರ್ಮಾದಲ್ಲಿ ಹಾರಿಸಿದ ಲೈಸಾಂಡರ್ ಅದೇ ಅಳತೆಯಲ್ಲಿ 21 ಸೆಂ.ಮೀ. ಬರುತ್ತದೆ. 1933ರಲ್ಲಿ ವಾಯುಪಡೆಯ ಮೊದಲ ಸ್ಕ್ವಾಡ್ರನ್ ಶುರುವಾದದ್ದೇ ವಾಪಿಟಿ ಎಂಬ ಎರಡಂತಸ್ತಿನ ರೆಕ್ಕೆಯ ವಿಮಾನದಿಂದ. ಈ ಮೂರರ ನಿಜ ವಿಮಾನಗಳೂ ದೆಹಲಿಯ ಪಾಲಂ ಮ್ಯೂಸಿಯಂನಲ್ಲಿವೆ. ಕಿಟ್ ಡಬ್ಬಿಯ ಮೇಲಿನ ಚಿತ್ರ ನಂಬುವ ಮೊದಲು ಅವುಗಳ ಫೋಟೊ ನೋಡಿ.

ಇಂಥ ಅಪರೂಪದ ವಿಮಾನಗಳ ಕಿಟ್‌ಗಳಲ್ಲಿ ಎಷ್ಟೋ ಹಳೆಯ ಅಚ್ಚಿನವು, ಇಲ್ಲವೇ ಕೆಲವೇ ಸಾವಿರ ಪ್ರತಿ ತೆಗೆದ ಶಾರ್ಟ್ ರನ್ ಕಿಟ್‌ಗಳು. ಎರಡು ಅರ್ಧಗಳನ್ನು ಸರಿಯಾಗಿ ಕೂರಿಸುವ ಪಿನ್ನುಗಳಿರುವುದಿಲ್ಲ, ಅಂಚಿನಲ್ಲಿ ತೆಳು ಪೊರೆ ಉಳಿದಿರುತ್ತದೆ, ದಪ್ಪ ಭಾಗದ ಹಿಂದೆ ಗುಳಿ ಬಿದ್ದಿರುತ್ತದೆ. ಇದು ಕಿಟ್ ಕೆಟ್ಟದ್ದೆಂಬುದರ ಗುರುತಲ್ಲ. ಕೆಲಸ ಜಾಸ್ತಿ, ಅಷ್ಟೇ.

ಡಬ್ಬಿ ತೆರೆದ ದಿನ

ಮೊದಲು ಡೆಕಲ್ ಹಾಳೆಯನ್ನು ಹೊರತೆಗೆದು ಜಿಪ್ ಕವರಿಗೆ ಹಾಕಿ, ಜೊತೆಗೆ ಒಂದು ಪೊಟ್ಟಣ ಸಿಲಿಕಾ ಜೆಲ್ ಇಡಿ. ಡೆಕಲಿನ ಹಿಂದಿರುವ ಗೋಂದು ಬೂಷ್ಟಿಗೂ ಬೆಳ್ಳಿಹುಳಕ್ಕೂ ಊಟ. ನೀಲಿ ಜೆಲ್ ಗುಲಾಬಿಯಾದರೆ ಓವನ್‌ನಲ್ಲಿ 110 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿ, ಮತ್ತೆ ನೀಲಿಗೆ ತಿರುಗುತ್ತದೆ. ಆ ಓವನ್ ಅಡುಗೆಗೆ ಬಳಸುವುದಾಗಿರಬಾರದು.

ಆಮೇಲೆ ಬಿಡಿಭಾಗಗಳನ್ನು ಅವು ಅಂಟಿಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟಿನ ಸಮೇತ ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು, ಹಳೆಯ ಟೂತ್‌ಬ್ರಷ್‌ನಿಂದ ತೊಳೆಯಿರಿ. ಅಚ್ಚಿನಿಂದ ಬಿಡಿಸಲು ಹಚ್ಚಿದ ಎಣ್ಣೆ ಉಳಿದರೆ ಬಣ್ಣ ಹಿಡಿಯುವುದಿಲ್ಲ. ಸೊಟ್ಟಗಾದ ರೆಕ್ಕೆಯನ್ನು 60-65 ಡಿಗ್ರಿ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ನೇರ ಮಾಡಿ, ಹಾಗೇ ಹಿಡಿದು ತಣ್ಣೀರಿಗೆ ಹಾಕಿ. ಕುದಿಯುವ ನೀರು ಬೇಡ, ಹಿಂದಿನ ಅಂಚು ಅಲೆಯಲೆಯಾಗಿ ಹಾಳಾಗುತ್ತದೆ.

ಜೋಡಣೆ

ಭಾಗವನ್ನು ಚೌಕಟ್ಟಿನಿಂದ 2 ಮಿ.ಮೀ. ದೂರದಲ್ಲಿ ಕತ್ತರಿಸಿ, ಉಳಿದದ್ದನ್ನು ಚೂಪು ಬ್ಲೇಡಿನಿಂದ ಹೆರೆಯಿರಿ. ಗಾಜಿನ ತುಂಡಿನ ಮೇಲೆ 400 ನಂಬರ್ ವಾಟರ್ ಪೇಪರ್ ಅಂಟಿಸಿ, ವಿಮಾನದ ಮೈಯ ಎರಡೂ ಅರ್ಧಗಳ ಅಂಚನ್ನು ಅದರ ಮೇಲೆ ವೃತ್ತಾಕಾರವಾಗಿ ಉಜ್ಜಿದರೆ ಸಂದು ಸಮವಾಗಿ ಕೂರುತ್ತದೆ. ಪಿನ್ನಿನ ಬದಲು 0.5 ಮಿ.ಮೀ. ಪ್ಲಾಸ್ಟಿಕ್ ಹಾಳೆಯ 5 ಮಿ.ಮೀ. ಅಗಲದ ಪಟ್ಟಿಗಳನ್ನು ಒಳಗಡೆ ಒಂದು ಎಡಕ್ಕೆ, ಒಂದು ಬಲಕ್ಕೆ ಅಂಟಿಸಿ. ರೆಕ್ಕೆ ಸೇರುವಲ್ಲಿ 1 ಮಿ.ಮೀ. ತೂತು ಕೊರೆದು ಹಿತ್ತಾಳೆ ತಂತಿ ತೂರಿಸಿ. ಕಬ್ಬಿಣದ ತಂತಿ ನಮ್ಮ ಹವೆಯಲ್ಲಿ ತುಕ್ಕು ಹಿಡಿದು ಬಣ್ಣದ ಮೇಲೆ ಕಂದು ಕಲೆ ಬಿಡುತ್ತದೆ.

ಸಂದು ತುಂಬಲು ಸೂಪರ್‌ಗ್ಲೂ ಜೊತೆ ಟಾಲ್ಕಂ ಪೌಡರ್ ಕಲಸಿದ್ದು ಒಳ್ಳೆಯದು, ಆದರೆ ಒಂದು ಗಂಟೆಯೊಳಗೆ ಉಜ್ಜಿಬಿಡಿ. ಮರುದಿನಕ್ಕೆ ಬಿಟ್ಟರೆ ಅದು ಪ್ಲಾಸ್ಟಿಕ್‌ಗಿಂತ ಗಟ್ಟಿಯಾಗಿ, ಸುತ್ತಲಿನ ಮೈ ಸವೆದು ಅದು ಮಾತ್ರ ಉಬ್ಬಿ ನಿಲ್ಲುತ್ತದೆ. ಕಾಕ್‌ಪಿಟ್‌ನ ಗಾಜಿಗೆ ಸೂಪರ್‌ಗ್ಲೂ ಮುಟ್ಟಿಸಲೇಬೇಡಿ. ತೇವದ ಹವೆಯಲ್ಲಿ ಅದರ ಆವಿ ಬಿಳಿ ಮಂಜಾಗಿ ಕೂತುಬಿಡುತ್ತದೆ. ಫೆವಿಕಾಲ್ ಸಾಕು, ಆದರೆ ಮಳೆಗಾಲದಲ್ಲಿ ಒಂದು ಪೂರ್ತಿ ದಿನ ಒಣಗಲು ಬಿಡಿ.

ಮಿಸ್ಟೇರ್‌ಗೆ ಮುಂದೊಂದು ಚಕ್ರ, ಹಿಂದೆರಡು. ಮೂಗಿನಲ್ಲಿ ಭಾರ ಇಲ್ಲದಿದ್ದರೆ ಬಾಲದ ಮೇಲೆ ಕೂರುತ್ತದೆ. ಮೈ ಮುಚ್ಚುವ ಮೊದಲೇ ಎಲ್ಲ ಭಾಗಗಳನ್ನು ಟೇಪಿನಿಂದ ಕಟ್ಟಿ, ಹಿಂದಿನ ಚಕ್ರ ಬರುವ ಜಾಗಕ್ಕೆ ಎರಡು ಬೆಂಕಿಕಡ್ಡಿ ಆಸರೆ ಕೊಟ್ಟು, ಮೂಗು ಕೆಳಗೆ ಬೀಳುವವರೆಗೆ ಏರ್‌ಗನ್ನಿನ ಸೀಸದ ಪೆಲೆಟ್ ಒಂದೊಂದಾಗಿ ಹೇರಿ. .177 ಪೆಲೆಟ್ ಒಂದು ಸುಮಾರು ಅರ್ಧ ಗ್ರಾಂ. ಬೇಕಾದದ್ದಕ್ಕಿಂತ ನಾಲ್ಕು ಹೆಚ್ಚೇ ಹಾಕಿ. ಮೂಗಿನ ತುದಿಯೆಲ್ಲ ಗಾಳಿ ಒಳಬರುವ ಬಾಯಿಯಾದ್ದರಿಂದ ಜಾಗ ಉಳಿಯುವುದು ಕಾಕ್‌ಪಿಟ್‌ನ ಕೆಳಗೆ ಮತ್ತು ಅದರ ಮುಂದೆ. ಪೆಲೆಟ್‌ಗಳನ್ನು ಎಪಾಕ್ಸಿಯಿಂದ ಮಾತ್ರ ಕೂರಿಸಿ. ಫೆವಿಕಾಲ್‌ನಂಥ ಬಿಳಿ ಗೋಂದಿನ ಹುಳಿ ಸೀಸವನ್ನು ತಿಂದು ಬಿಳಿ ಪುಡಿಯಾಗಿ ಉಬ್ಬಿಸುತ್ತದೆ; ವರ್ಷಗಳ ನಂತರ ಮೂಗು ಸೀಳಿಕೊಳ್ಳುತ್ತದೆ. ಸೀಸ ಮುಟ್ಟಿದ ಕೈ ತೊಳೆದೇ ಊಟಕ್ಕೆ ಕೂರಿ.

ಎರಡಂತಸ್ತಿನ ರೆಕ್ಕೆಗೆ ತಂತಿ ಬಿಗಿಯುವುದು

ವಾಪಿಟಿ, ಅದೇ ಬಗೆಯ ಟೈಗರ್ ಮಾತ್ ವಿಮಾನಗಳಿಗೆ ಜೀವ ಬರುವುದೇ ಇಲ್ಲಿ. ಎಲ್ಲರೂ ಮೊದಲು ಕೈ ಹಾಕುವುದು ತೆಳು ನೈಲಾನ್ ದಾರಕ್ಕೆ. ನೈಲಾನ್ ತೇವ ಕುಡಿದು ಉದ್ದವಾಗುತ್ತದೆ. ಜನವರಿಯಲ್ಲಿ ವೀಣೆಯ ತಂತಿಯಂತೆ ಬಿಗಿದದ್ದು ಜುಲೈಯಲ್ಲಿ ಬಟ್ಟೆ ಒಣಹಾಕುವ ಹಗ್ಗದಂತೆ ಜೋಲುತ್ತದೆ. ಕೊಡಗಿಗೆ ಒಗ್ಗುವುದು ಎಳೆದರೆ ಹಿಗ್ಗುವ ಲೈಕ್ರಾ ದಾರ, ಇಲ್ಲವೇ ಕಿಟ್‌ನ ಚೌಕಟ್ಟಿನದೇ ಪ್ಲಾಸ್ಟಿಕ್ ಎಳೆ.

ಎಳೆ ಮಾಡಲು ಚೌಕಟ್ಟಿನ 10 ಸೆಂ.ಮೀ. ತುಂಡೊಂದನ್ನು ಮೇಣದ ಬತ್ತಿಯ ಜ್ವಾಲೆಯಿಂದ ಎರಡು ಬೆರಳಷ್ಟು ಮೇಲೆ ತಿರುಗಿಸುತ್ತಾ ಹಿಡಿಯಿರಿ. ನಡುವೆ ಹೊಳಪು ಬಂದು ಬಾಗತೊಡಗಿದೊಡನೆ ಜ್ವಾಲೆಯಿಂದ ಆಚೆ ತಂದು, ಒಂದು ಉಸಿರಿನಷ್ಟು ತಡೆದು ಎಳೆಯಿರಿ. ವೇಗವಾಗಿ ಎಳೆದರೆ ಕೂದಲಿನಷ್ಟು ತೆಳು, ನಿಧಾನಕ್ಕೆ ಎಳೆದರೆ ದಪ್ಪ. 1/72ಕ್ಕೆ 0.1 ಮಿ.ಮೀ.ಗಿಂತ ದಪ್ಪ ಬೇಡ. ಡಿವೈಡರ್‌ನಿಂದ ಅಳೆದು, ಕತ್ತರಿಸಿ, ಎರಡೂ ತುದಿಗೆ ಸೂಜಿಮೊನೆಯಷ್ಟು ಗೋಂದು ಹಚ್ಚಿ ಕೂರಿಸಿ. ಒಣಗಿದ ಮೇಲೆ ಎಳೆ ಸ್ವಲ್ಪ ಜೋತಿದ್ದರೆ ಹೊತ್ತಿಸಿದ ಊದುಬತ್ತಿಯ ಕೆಂಡವನ್ನು ಅದರ ಕೆಳಗೆ ಒಂದು ಸೆಂ.ಮೀ. ದೂರದಲ್ಲಿ ಸರಸರನೆ ಆಡಿಸಿ. ನೋಡುತ್ತಿದ್ದಂತೆ ಅದು ಸೆಟೆದು ನೇರವಾಗುತ್ತದೆ. ಕೈ ನಿಂತರೆ ತುಂಡಾಗುತ್ತದೆ.

ಬಣ್ಣ

ನೂರಿನ್ನೂರು ರೂಪಾಯಿಯ ಡಿಜಿಟಲ್ ತೇವಮಾಪಕವೊಂದನ್ನು ಮೇಜಿನ ಮೇಲಿಡಿ. ಶೇ 65ರ ಕೆಳಗೆ ನಿಶ್ಚಿಂತೆಯಿಂದ ಹೊಡೆಯಿರಿ. 75ರವರೆಗೆ ಥಿನ್ನರಿಗೆ ಹತ್ತರಲ್ಲೊಂದು ಪಾಲು ರಿಟಾರ್ಡರ್ (ಬಣ್ಣ ಆರುವುದನ್ನು ನಿಧಾನಿಸುವ ದ್ರವ) ಬೆರೆಸಿ. ಅದರ ಮೇಲಾದರೆ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಎತ್ತಿಡಿ. ಲ್ಯಾಕರ್ ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ನೀರು ಹಸಿ ಬಣ್ಣದೊಳಗೆ ಇಳಿಯುತ್ತದೆ. ಬೆಳ್ಳನೆ ಮಬ್ಬು ಕಾಣುವುದು ಅದಕ್ಕೇ. ಹಾಗಾದರೆ ಅಂದೇ ರಿಟಾರ್ಡರ್ ಬೆರೆಸಿದ ಬರೀ ಥಿನ್ನರನ್ನು ಹಗುರವಾಗಿ ಮೇಲೆ ಸಿಂಪಡಿಸಿ. ಹೆಚ್ಚಿನ ಸಲ ಮಬ್ಬು ಬಿಡುತ್ತದೆ. ಕುಶಾಲನಗರದ ಕಡೆ ಮಳೆ ಎಷ್ಟೋ ಕಡಿಮೆ. ಅಲ್ಲಿ ನೆಂಟರ ಮನೆಯಿದ್ದರೆ ಬಣ್ಣದ ಕೆಲಸ ಅಲ್ಲಿಟ್ಟುಕೊಳ್ಳಿ.

ಏರ್‌ಬ್ರಷ್‌ಗೆ ಗಾಳಿ ಕೊಡುವ ಕಂಪ್ರೆಸರ್ ಕೂಡ ನೀರು ಉಗುಳುತ್ತದೆ. ಕಂಪ್ರೆಸರಿಗೂ ನೀರು ಹಿಡಿಯುವ ವಾಟರ್ ಟ್ರ್ಯಾಪಿಗೂ ನಡುವೆ ಎರಡು ಮೀಟರ್ ಪೈಪು ಬಿಡಿ. ಬಿಸಿ ಗಾಳಿ ಅಷ್ಟರಲ್ಲಿ ತಣಿದರೆ ನೀರು ಟ್ರ್ಯಾಪಿನಲ್ಲೇ ನಿಲ್ಲುತ್ತದೆ. ಹತ್ತು ನಿಮಿಷಕ್ಕೊಮ್ಮೆ ಅದನ್ನು ಹೊರಬಿಡಿ. ಒತ್ತಡ 15 ಪಿಎಸ್‌ಐ ಸಾಕು. ಮಳೆಯೆಂದು ಕಿಟಕಿ ಮುಚ್ಚಿ ಹೊಡೆಯುವವರು ಕಾರ್ಟ್ರಿಜ್ ಇರುವ ಮಾಸ್ಕ್ ಹಾಕಲೇಬೇಕು, ಬಟ್ಟೆಯ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ.

ಡೆಕಲ್ ಹಳದಿಯಾಗಿದ್ದರೆ ಜಿಪ್ ಕವರಿನಲ್ಲೇ ಕಿಟಕಿಯ ಗಾಜಿಗೆ ಬಿಸಿಲಿಗೆ ಮುಖ ಮಾಡಿ ಅಂಟಿಸಿ, ಜನವರಿಯ ಬಿಸಿಲಿನಲ್ಲಿ ಒಂದೆರಡು ವಾರ. ಬೇಡದ ಒಂದು ಅಕ್ಷರವನ್ನು ಮೊದಲು ನೀರಿಗೆ ಹಾಕಿ ನೋಡಿ. ಚೂರಾದರೆ ಇಡೀ ಹಾಳೆಗೆ ಹೊಳಪಿನ ಪಾರದರ್ಶಕ ಲ್ಯಾಕರ್ ಒಂದು ಪದರ ಹೊಡೆದು, ಒಣಗಿಸಿ, ಒಂದೊಂದು ಗುರುತನ್ನೂ ಅಂಚಿಗೆ ಹೊಂದಿಸಿ ಕತ್ತರಿಸಿ. ವಾಯುಪಡೆಯ ವೃತ್ತಕ್ಕೆ ಕೇಸರಿ ಹೊರಗೆ, ಹಸಿರು ನಡುವೆ. ತಿರುವುಮುರುವಾದರೆ ಮಾಡಿದ್ದೆಲ್ಲ ವ್ಯರ್ಥ.

ಎಸ್ಟೇಟಿನ ಜೀಪು

1/35ರಲ್ಲಿ ಸುಲಭವಾಗಿ ಸಿಗುವುದು ಯುದ್ಧಕಾಲದ ವಿಲ್ಲಿಸ್ ಎಂಬಿ. ತೋಟಗಳಲ್ಲಿ ಓಡಿದ ಸಿವಿಲ್ ಜೀಪು (ಸಿಜೆ) ಬೇಕಿದ್ದರೆ ಮುಖ ಬದಲಿಸಬೇಕು. ಎಂಬಿಗೆ ಗ್ರಿಲ್‌ನಲ್ಲಿ 9 ಸೀಳು, ಸಿಜೆಗೆ 7. ಎಂಬಿಯ ಹೆಡ್‌ಲೈಟ್ ಚಿಕ್ಕದು, ಗ್ರಿಲ್‌ನೊಳಗೆ ಹುದುಗಿದ್ದು. ಸಿಜೆಯದು ದೊಡ್ಡದು, ಮುಂದೆ ಚಾಚಿದ್ದು. ಸಿಜೆಗೆ ಹಿಂದೆ ತೆರೆಯುವ ಬಾಗಿಲಿರುವುದರಿಂದ ಸ್ಟೆಪ್ನಿ ಪಕ್ಕಕ್ಕೆ ಹೋಗುತ್ತದೆ. ಹಳೆಯ ಕಿಟ್‌ಗಳಲ್ಲಿ ಮೆತ್ತನೆಯ ವಿನೈಲ್ ಟಯರಿದ್ದರೆ ರಿಮ್ಮಿಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿಯೇ ಹಾಕಿ. ಇಲ್ಲದಿದ್ದರೆ ವಿನೈಲಿನಿಂದ ಒಸರುವ ಎಣ್ಣೆ ರಿಮ್ಮನ್ನು ಕರಗಿಸುತ್ತದೆ.

ಕೆಸರಿಗೆ ಅಂಗಳದ ಕೆಂಪು ಮಣ್ಣೇ ಚಂದ. ಆದರೆ 1/35ರಲ್ಲಿ 1 ಮಿ.ಮೀ. ಕಣವೆಂದರೆ ಮೂರೂವರೆ ಸೆಂ.ಮೀ. ಗಾತ್ರದ ಕಲ್ಲು. ಹಳೆಯ ಮಲ್ ಬಟ್ಟೆಯಲ್ಲಿ ಎರಡು ಸಲ ಜರಡಿ ಹಿಡಿಯಿರಿ. ಆಮೇಲೆ 120 ಡಿಗ್ರಿಯಲ್ಲಿ ಅರ್ಧ ಗಂಟೆ ಹುರಿಯಿರಿ. ಹಸಿ ಮಣ್ಣಿನಲ್ಲಿ ಎಲೆಯ ಪುಡಿಯೂ ಬೂಷ್ಟಿನ ಬೀಜವೂ ಇರುತ್ತವೆ. ಮ್ಯಾಟ್ ವಾರ್ನಿಷ್‌ನಲ್ಲಿ ಕಲಸಿ ಚಕ್ರದ ಒಳಬದಿಗೆ, ಮಡ್‌ಗಾರ್ಡಿನ ಅಡಿಗೆ ಚುಚ್ಚಿ ಚುಚ್ಚಿ ಹಚ್ಚಿ. ಒಣಗಿದ ಮೇಲೆ ಒಂದು ವಾರ ಮುಚ್ಚಿದ ಡಬ್ಬಿಯಲ್ಲಿಟ್ಟು ಭೂತಗನ್ನಡಿಯಲ್ಲಿ ನೋಡಿ. ಬಿಳಿ ನೂಲು ಕಾಣದಿದ್ದರೆ ಗಾಜಿನ ಕಪಾಟಿಗೆ ಸೇರಿಸಿ.